ಅಣ್ಣನ ಬೋರ್ಡುಗಳಿಂದ ಒಂದು ಫಾಂಟು: ಕೆಲಸ ಎಲ್ಲಿಗೆ ಬಂತು

ಅಣ್ಣ ಕೈಯಲ್ಲಿ ಬರೆದ ಬೋರ್ಡುಗಳ ಅಕ್ಷರಗಳಿಂದ ಕಂಪ್ಯೂಟರಿಗೆ ಒಂದು ಫಾಂಟ್ ಮಾಡುತ್ತಿದ್ದೇನಲ್ಲ, ಮೊದಲು ಆ ಕೆಲಸದ ವರದಿ ಒಪ್ಪಿಸಿಬಿಡುತ್ತೇನೆ. ಸ್ವರ, ವ್ಯಂಜನ ಮುಗಿದಿವೆ. ಕಾಗುಣಿತವೂ ಹೆಚ್ಚೂಕಮ್ಮಿ ಮುಗಿದಿದೆ, ಕೊ-ಕೋ ಸಾಲು ಮಾತ್ರ ಇನ್ನೂ ಕುಂಟುತ್ತಿದೆ. ಒತ್ತಕ್ಷರ ಅರ್ಧ ದಾರಿಯಲ್ಲಿದೆ. ಅಂಕಿಗಳಿಗೆ ಕೈ ಹಾಕಿಲ್ಲ. ಫೈಲಿಗೆ ಸದ್ಯಕ್ಕೆ ‘ಬೋರ್ಡು’ ಅಂತ ಹೆಸರಿಟ್ಟಿದ್ದೇನೆ. ಅಣ್ಣನ ಹೆಸರೇ ಇಡು ಅಂತ ಕೇಳಿದವರೆಲ್ಲ ಹೇಳುತ್ತಾರೆ. ನಾನು ಇಡುತ್ತಿಲ್ಲ. ಕಾರಣ ಮುಂದೆ ಬರುತ್ತದೆ.

ಹೊಸದಾಗಿ ಓದುತ್ತಿರುವವರಿಗೆ ಸ್ವಲ್ಪ ಹಿನ್ನೆಲೆ. ಅಣ್ಣ ದಾವಣಗೆರೆಯಲ್ಲಿ ಬೋರ್ಡು ಬರೆಯುತ್ತಿದ್ದ. ಮಂಡಿಪೇಟೆ, ಚೌಕಿಪೇಟೆಯ ಅಂಗಡಿಗಳು, ಲಾರಿಗಳ ಹಿಂಬದಿ, ದುಗ್ಗಮ್ಮನ ಜಾತ್ರೆಗೆ ಬರುವ ನಾಟಕ ಕಂಪನಿಗಳ ಬಟ್ಟೆ ಬ್ಯಾನರು, ಎಲ್ಲ. 1997ರಲ್ಲಿ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಹೊಸ ಜಿಲ್ಲೆಯಾಯಿತಲ್ಲ, ಅದು ಅವನ ಸುಗ್ಗಿ. ಎಲ್ಲೆಲ್ಲಿ ‘ಚಿತ್ರದುರ್ಗ ಜಿಲ್ಲೆ’ ಅಂತ ಇತ್ತೋ ಅಲ್ಲೆಲ್ಲ ಬಣ್ಣ ಬಳಿದು ‘ದಾವಣಗೆರೆ ಜಿಲ್ಲೆ’ ಅಂತ ಬರೆಯಬೇಕಿತ್ತು. ಅವನಿಗೆ ಹೊಸ ಸೈಕಲ್ ಬಂದಿದ್ದು ಆ ವರ್ಷವೇ.

ಆಮೇಲೆ ಫ್ಲೆಕ್ಸ್ ಬಂತು. ನಾನು ಡಿಸೈನ್ ಕಲಿತಿದ್ದೇ ಒಂದು ಫ್ಲೆಕ್ಸ್ ಅಂಗಡಿಯಲ್ಲಿ, ಕೋರಲ್ ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರಿನ ಮುಂದೆ ಕೂತು. ಅಣ್ಣನ ಹಳೇ ಗಿರಾಕಿಗಳೇ ನನ್ನ ಹತ್ತಿರ ಬರುತ್ತಿದ್ದರು. ಮನೆಯಲ್ಲಿ ಇದಕ್ಕೆ ಯಾವತ್ತೂ ಜಗಳ ಆಗಲಿಲ್ಲ. “ನೀನಾದ್ರೂ ನೆಳ್ಳಾಗೆ ಕೂತು ದುಡಿಯೋ” ಅಂದಿದ್ದ. ಅವನು ಬಿಸಿಲಲ್ಲಿ ಏಣಿ ಹತ್ತಿ ದುಡಿದ ದುಡ್ಡಲ್ಲೇ ನಾನು ಓದಿದ್ದು. ಅಲ್ಲಿಂದ ಬೆಂಗಳೂರಿನ ಒಂದು ಜಾಹೀರಾತು ಕಂಪನಿಗೆ ಹೋದೆ. 2020ರ ಲಾಕ್‌ಡೌನ್‌ನಲ್ಲಿ ಆ ಕೆಲಸ ಹೋಯಿತು. 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯಲ್ಲಿ, ಅಣ್ಣ ಹೋದ.

ಅದಾದ ಮೇಲೆ ಸುಮಾರು ದಿನ ಕೈ ಓಡಲಿಲ್ಲ. ಇಎಂಐ ಮಾತ್ರ ನಿಲ್ಲುವುದಿಲ್ಲವಲ್ಲ, ಯೂಟ್ಯೂಬ್ ಚಾನೆಲ್‌ಗಳಿಗೆ ಥಂಬ್‌ನೇಲ್ ಮಾಡಿಕೊಟ್ಟೆ. ‘ಶಾಕಿಂಗ್’ ಅನ್ನುವ ಪದವನ್ನು ಎಷ್ಟು ಬಣ್ಣದಲ್ಲಿ ಬರೆಯಬಹುದೋ ಅಷ್ಟರಲ್ಲೂ ಬರೆದಿದ್ದೇನೆ. ಒಂದು ಸಲ ಊರಿಗೆ ಹೋದಾಗ ಅತ್ತಿಗೆ ಅವನ ಟ್ರಂಕು ತೆಗೆದುಕೊಟ್ಟರು. ಒಳಗೆ ಬ್ರಷ್‌ಗಳ ಜೊತೆ ಒಂದು ಕಟ್ಟು ಖಾಕಿ ಕಾಗದ. ಪ್ರತಿ ಕಾಗದದಲ್ಲೂ ಅಕ್ಷರಗಳ ಗೀಟು, ಗೀಟಿನುದ್ದಕ್ಕೂ ಸೂಜಿಯಲ್ಲಿ ಚುಚ್ಚಿದ ತೂತು. ಒಂದೇ ಹೆಸರನ್ನು ಹತ್ತು ಕಡೆ ಬರೆಯುವ ಕೆಲಸ ಇದ್ದರೆ ಆ ಕಾಗದವನ್ನು ಗೋಡೆಗೆ ಹಿಡಿದು, ಬಟ್ಟೆಯಲ್ಲಿ ಕಟ್ಟಿದ ಸುಣ್ಣದ ಪುಡಿಯನ್ನು ಮೇಲೆ ತಟ್ಟುತ್ತಿದ್ದ. ತೂತಿನಿಂದ ಪುಡಿ ಇಳಿದು ಗೋಡೆ ಮೇಲೆ ಅಕ್ಷರ ಮೂಡುತ್ತಿತ್ತು. ನಾನು ಹುಡುಗನಾಗಿದ್ದಾಗ ಹಿಡಿದುಕೊಂಡು ನಿಲ್ಲುತ್ತಿದ್ದ ಕಾಗದಗಳೇ ಅವು. ಫಾಂಟ್ ಮಾಡಬೇಕು ಅಂತ ಹೊಳೆದಿದ್ದು ಅವನ್ನು ನೋಡಿದ ಮೇಲೆ.

ಇಂಥ ಕೆಲಸ ನಾನೇ ಮೊದಲು ಮಾಡುತ್ತಿರುವುದಲ್ಲ. ಬೀದಿ ಪೇಂಟರುಗಳ ಅಕ್ಷರಗಳನ್ನು ಫಾಂಟ್ ಮಾಡಿ ಉಳಿಸುವ ‘ಹ್ಯಾಂಡ್‌ಪೇಂಟೆಡ್‌ಟೈಪ್’ ಅನ್ನುವ ಕೆಲಸವನ್ನು ಹನೀಫ್ ಕುರೇಶಿ ಎಷ್ಟೋ ವರ್ಷ ಮೊದಲೇ ಶುರು ಮಾಡಿದ್ದರು. ಅವರೂ 2024ರಲ್ಲಿ ತೀರಿಕೊಂಡರು.

ಬೋರ್ಡಿನ ಮೇಲೆ ಇಲ್ಲದ ಅಕ್ಷರಗಳು

ಈ ಸಲ ಜಾಸ್ತಿ ಸಮಯ ತಿಂದಿದ್ದು ಇದೇ. ಬೋರ್ಡಿನಲ್ಲಿ ವರ್ಣಮಾಲೆ ಪೂರ್ತಿ ಇರುವುದಿಲ್ಲ. ಅಂಗಡಿಗಳಿಗೆ ಬೇಕಾದ ಅಕ್ಷರಗಳೇ ಬೇರೆ. ಕ, ಗ, ರ, ಶ್ರೀ ಬೇಕಾದಷ್ಟು ಸಿಗುತ್ತವೆ. ‘ಶ್ರೀ’ ಇಲ್ಲದ ಬೋರ್ಡೇ ಇಲ್ಲ ಅನ್ನಬಹುದು. ಮಂಡಕ್ಕಿ ಭಟ್ಟಿಗಳ ದೆಸೆಯಿಂದ ಭ, ಟ್ಟ ಸಿಕ್ಕವು. ಬೆಣ್ಣೆ ದೋಸೆ ಹೋಟೆಲುಗಳು ಣ್ಣ ಕೊಟ್ಟವು. ಮಹಾಪ್ರಾಣಗಳನ್ನು ಮಾತ್ರ ಹುಡುಕಿಕೊಂಡು ಹೋಗಬೇಕಾಯಿತು. ಘ ಸಿಕ್ಕಿದ್ದು ಒಂದು ಸಹಕಾರ ಸಂಘದ ಗೋಡೆಯಲ್ಲಿ. ಢ ಹೆದ್ದಾರಿ ಪಕ್ಕದ ಢಾಬಾದಲ್ಲಿ. ಠ ಮಠದ ಕಮಾನಿನಲ್ಲಿ, ಛ ಕಲ್ಯಾಣ ಛತ್ರದಲ್ಲಿ.

ಝ ಎಲ್ಲೂ ಸಿಗುವುದಿಲ್ಲ, ನಾನೇ ಕಲ್ಪಿಸಿಕೊಂಡು ಬರೆಯಬೇಕು ಅಂತ ತೀರ್ಮಾನಿಸಿಬಿಟ್ಟಿದ್ದೆ. ಆಗ ಗೆಳೆಯನೊಬ್ಬ ಹಳೇ ಕೋರ್ಟಿನ ಹತ್ತಿರದ ಅಂಗಡಿಯೊಂದರ ಫೋಟೊ ಕಳಿಸಿದ. ‘ಝೆರಾಕ್ಸ್’! ಅಣ್ಣನ ಕೈ ಅಂತ ನೋಡಿದ ಕೂಡಲೇ ಗೊತ್ತಾಯಿತು. ಮಹಾಪ್ರಾಣದ ಕೆಳಗಿನ ಸೀಳನ್ನು ಅವನು ಗೀಟಿನಂತೆ ನೇರ ಎಳೆಯುವುದಿಲ್ಲ, ಬ್ರಷ್ಷನ್ನು ಚಪ್ಪಟೆಯಾಗಿ ಇಟ್ಟು ಒಂದೇ ಸಲ ಒತ್ತಿ ಎತ್ತುತ್ತಾನೆ. ಮೇಲೆ ಅಗಲ, ಕೆಳಗೆ ಚೂಪು. ಅವನ ಧ, ಭ, ಫ, ಎಲ್ಲದರಲ್ಲೂ ಅದೇ ಗುರುತು.

ಙ, ಞ ಮಾತ್ರ ಕೊನೆಗೂ ಸಿಗಲಿಲ್ಲ. ಅವನ್ನು ಬೇಕು ಅನ್ನುವ ಅಂಗಡಿ ಯಾವುದೂ ಇಲ್ಲವಲ್ಲ. ಅವೆರಡನ್ನೂ ನಾನೇ ಬರೆದೆ. ಅವನ ಜ, ಣ ಇಟ್ಟುಕೊಂಡು ತಿರುವು ಹೊಂದಿಸಿದ್ದೇನೆ. ನೋಡಿದವರಿಗೆ ವ್ಯತ್ಯಾಸ ಕಾಣುವುದಿಲ್ಲ, ನನಗೆ ಕಾಣುತ್ತದೆ.

ಫೋಟೊದಿಂದ ನೇರ ಟ್ರೇಸ್ ಮಾಡುವುದನ್ನು ಪೂರ್ತಿ ಬಿಟ್ಟಿದ್ದೇನೆ. ಸಾಫ್ಟ್‌ವೇರೇ ಟ್ರೇಸ್ ಮಾಡಿದರೆ ತುಕ್ಕು ಹಿಡಿದ ಕಡೆ, ಬಣ್ಣ ಎದ್ದ ಕಡೆ ಎಲ್ಲಾ ಚುಕ್ಕಿ ಕೂತು ಒಂದು ‘ಬ’ಗೆ ನೂರಾರು ಪಾಯಿಂಟು ಆಗುತ್ತವೆ. ಫೋಟೊವನ್ನು ಕೆಳಗಿಟ್ಟುಕೊಂಡು ಫಾಂಟ್‌ಫೋರ್ಜ್ ಅನ್ನುವ ಫಾಂಟ್ ಮಾಡುವ ಸಾಫ್ಟ್‌ವೇರಿನಲ್ಲಿ ಕೈಯಾರೆ ಮತ್ತೆ ಬರೆಯುತ್ತಿದ್ದೇನೆ. ತುಕ್ಕಿನ ಕಲೆ ಹಾಕಿ ‘ವಿಂಟೇಜ್’ ಮಾಡು ಅಂತ ಒಬ್ಬರು ಸಲಹೆ ಕೊಟ್ಟರು. ಬೇಡ. ಅಣ್ಣ ಬರೆದ ದಿನ ಅದು ಹೊಸ ಬೋರ್ಡೇ ಆಗಿತ್ತು.

ಸೂರ್ಯ ಮತ್ತು ಸೂರ‍್ಯ

ಅವನ ಎರಡು ಲಾಂಡ್ರಿ ಬೋರ್ಡುಗಳಿವೆ, ಒಂದೇ ಹೆಸರಿನವು. ಅಗಲವಾದ ಬೋರ್ಡಿನಲ್ಲಿ ಅರ್ಕಾವತ್ತು ಹಾಕಿ ‘ಸೂರ್ಯ’ ಅಂತ ಬರೆದಿದ್ದಾನೆ. ಕಂಬಕ್ಕೆ ನೇತುಹಾಕುವ ಸಣ್ಣ ತಗಡಿನಲ್ಲಿ ರ ಕೆಳಗೆ ಯ ಒತ್ತು ಕೊಟ್ಟು ‘ಸೂರ‍್ಯ’ ಅಂತ ಬರೆದಿದ್ದಾನೆ. ಇದು ಕಾಗುಣಿತ ಗೊತ್ತಿಲ್ಲದೆ ಆದದ್ದಲ್ಲ. ಅರ್ಕಾವತ್ತು ಪಕ್ಕದಲ್ಲಿ ಒಂದು ಅಕ್ಷರದಷ್ಟು ಜಾಗ ಕೇಳುತ್ತದೆ, ಒತ್ತು ಕೆಳಗಡೆ ಅಡಗಿಕೊಳ್ಳುತ್ತದೆ. ತಗಡಿನ ಅಗಲ ನೋಡಿ ಬರೆದಿದ್ದಾನೆ, ಅಷ್ಟೆ.

ಕಂಪ್ಯೂಟರಿನಲ್ಲಿ ಎರಡನೆಯದು ಬರಬೇಕಾದರೆ ರ ಆದ ಮೇಲೆ ಝಡ್‌ಡಬ್ಲ್ಯುಜೆ ಅನ್ನುವ ಕಾಣದ ಅಕ್ಷರ ಒಂದನ್ನು ಸೇರಿಸಬೇಕು. ‘ರ‍್ಯಾಲಿ’, ‘ರ‍್ಯಾಂಕ್’ ಟೈಪ್ ಮಾಡಿ ಅಭ್ಯಾಸ ಇರುವವರಿಗೆ ಇದು ಗೊತ್ತು. ಬೋರ್ಡು ಮಾಡಿಸುವ ಅಂಗಡಿಯವರಿಗೆ ಇದನ್ನು ಹೇಳಿಕೊಡುವುದು ಆಗದ ಮಾತು. ಹಾಗಾಗಿ ಫಾಂಟಿನ ಒಳಗೇ ಒಂದು ಆಯ್ಕೆ ಇಡುತ್ತಿದ್ದೇನೆ, ಅದನ್ನು ಆನ್ ಮಾಡಿದರೆ ಅರ್ಕಾವತ್ತುಗಳೆಲ್ಲ ಒತ್ತಿನ ರೂಪಕ್ಕೆ ತಿರುಗುತ್ತವೆ. ಸಣ್ಣ ಬೋರ್ಡಿನವರಿಗೆ ಉಪಯೋಗ.

ಕಂಪ್ಯೂಟರಿನಲ್ಲಿ ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ಕೊಟ್ಟಿರುವುದು 128 ಮನೆ, ಅದರಲ್ಲೂ ಎಲ್ಲ ತುಂಬಿಲ್ಲ. ಫಾಂಟಿಗೆ ಬೇಕಾದ ಆಕಾರಗಳು ಮಾತ್ರ ನೂರಾರು. ತಲಕಟ್ಟು ಕಳಚಿ ಗುಡಿಸು ಹಾಕಿದರೆ ಒಂದು ಆಕಾರ, ಏತ್ವ ಹಾಕಿದರೆ ಇನ್ನೊಂದು. ವ ಪಕ್ಕಕ್ಕೆ ಸುಮ್ನೆ ಕೊಂಬು ಅಂಟಿಸಿದರೆ ಅದು ಮ ಆಗಿಬಿಡುತ್ತದೆ, ಅದಕ್ಕೇ ವು, ಪು ಎರಡಕ್ಕೂ ಕೊಂಬನ್ನು ಕೆಳಗಿನಿಂದ ಎಳೆಯಬೇಕು. ಇದೆಲ್ಲ ಒಂದನೇ ಕ್ಲಾಸಿನಲ್ಲಿ ಕಲಿತಿದ್ದೇ. ಫಾಂಟ್ ಮಾಡಲು ಕೂತಾಗಲೇ ಕಣ್ಣಿಗೆ ಬೀಳುವುದು.

ಒತ್ತುಗಳಲ್ಲಿ ಬಗೆಹರಿಯದೆ ಉಳಿದಿರುವುದು ‘ವಸ್ತ್ರಾಲಯ’. ಸ ಕೆಳಗೆ ತ ಒತ್ತು, ಅದರ ಪಕ್ಕದಲ್ಲಿ ರ ಒತ್ತು. ಅಣ್ಣ ಆ ರ ಒತ್ತಿನ ಬಾಲವನ್ನು ಮುಂದಿನ ಲ ಕೆಳಗೆ ಉದ್ದಕ್ಕೂ ಹರಿಸುತ್ತಿದ್ದ. ನೋಡಲು ಬಲು ಚೆಂದ. ಆದರೆ ಅವನಿಗೆ ಮುಂದಿನ ಅಕ್ಷರ ಯಾವುದು ಅಂತ ಗೊತ್ತಿತ್ತು, ಫಾಂಟಿಗೆ ಗೊತ್ತಿಲ್ಲ. ಮುಂದೆಯೂ ಒಂದು ಒತ್ತು ಬಂದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಉದ್ದ ಬಾಲ ಒಂದು, ಮೋಟು ಬಾಲ ಒಂದು ಬರೆದು, ಪಕ್ಕದ ಅಕ್ಷರ ನೋಡಿ ಆರಿಸಿಕೊಳ್ಳುವ ನಿಯಮ ಬರೆಯುತ್ತಿದ್ದೇನೆ. ಇದರ ಮೇಲೆ ವಿಂಡೋಸ್‌ನ ಕಾಟ ಬೇರೆ. ಫಾಂಟಿನಲ್ಲಿ ಹೇಳಿದ ಎತ್ತರ, ಆಳ ಮೀರಿದರೆ ಅದು ಒತ್ತಿನ ಬುಡವನ್ನೇ ಕತ್ತರಿಸಿ ತೋರಿಸುತ್ತದೆ. ಆಳ ಹೆಚ್ಚಿಸಿದರೆ ಸಾಲುಗಳ ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ ಬೀಳುತ್ತದೆ.

ಅತ್ತಿಗೆ ಹಿಡಿದ ತಪ್ಪು

ಕಳೆದ ಸಲ ಊರಿಗೆ ಹೋದಾಗ ಕೆಲವು ಪದಗಳನ್ನು ದೊಡ್ಡದಾಗಿ ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಅತ್ತಿಗೆ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದವರು, ‘ಶ್ರೀ’ ಮುಂದೆ ನಿಂತು, “ಇದು ಅವ್ರ ಅಕ್ಷರ ಅಲ್ಲಪ್ಪ” ಅಂದರು.

“ಅವನದ್ದೇ ಅತ್ತಿಗೆ. ಬ್ಯಾನರಿನ ಫೋಟೊ ಇದೆ ನೋಡ್ರಿ.”

“ಔಟ್‌ಲೈನ್ ಅವ್ರದ್ದು. ಒಳಗೆ ತುಂಬಿದ್ದು ನಾನು.”

ನನಗೆ ಇದು ಗೊತ್ತೇ ಇರಲಿಲ್ಲ. ಎಲೆಕ್ಷನ್, ಜಾತ್ರೆ ಬಂದರೆ ರಾತ್ರಿಯೆಲ್ಲ ಬಟ್ಟೆ ಬ್ಯಾನರಿನ ಕೆಲಸ ಇರುತ್ತಿತ್ತು. ಅಣ್ಣ ಗೀಟು ಹಾಕುತ್ತಾ ಮುಂದಕ್ಕೆ ಹೋಗುತ್ತಿದ್ದ, ಅತ್ತಿಗೆ ಹಿಂದೆ ಕೂತು ಬಣ್ಣ ತುಂಬುತ್ತಿದ್ದರು. ತುಂಬುವಾಗ ಗೀಟಿನ ಆಚೆ ಒಂದು ಕೂದಲೆಳೆ ದಾಟುತ್ತಿದ್ದರಂತೆ. “ಬಟ್ಟೆ ಬಣ್ಣ ಕುಡೀತದೆ. ಗೀಟಿನ ತನಕ ಅಷ್ಟೇ ತುಂಬಿದ್ರೆ ದೂರದಿಂದ ಬಡಕಲಾಗಿ ಕಾಣ್ತದೆ” ಅಂದರು. ಮೂಲೆಗಳನ್ನು ಗುಂಡಗೆ ಮಾಡಿದ್ದೂ ಅವರೇ, ಚೂಪು ಮಾಡುತ್ತಾ ಕೂತರೆ ಬೆಳಗಾಗುತ್ತದೆ ಅಂತ.

ಮನೆಗೆ ಬಂದು ಫೋಟೊಗಳನ್ನು ಎರಡು ಗುಂಪು ಮಾಡಿ ನೋಡಿದೆ. ತಗಡಿನ ಬೋರ್ಡಿನ ಅಕ್ಷರಗಳು ತೆಳ್ಳಗೆ, ಮೂಲೆ ಖಡಕ್ಕು. ಬಟ್ಟೆ ಬ್ಯಾನರಿನವು ದಪ್ಪ, ಮೂಲೆ ಗುಂಡಗೆ. ಅಣ್ಣನ ಶೈಲಿ ಅಂತ ಎಲ್ಲರೂ ಹೊಗಳುತ್ತಿದ್ದ ಆ ತುಂಬು ಅಕ್ಷರ ಅತ್ತಿಗೆಯ ಕೈಯದ್ದು.

ಇದರಿಂದ ಫಾಂಟಿನ ಯೋಜನೆಯೇ ಬದಲಾಯಿತು. ಈಗ ಎರಡು ತೂಕ, ಅಂದರೆ ತೆಳು ಒಂದು, ದಪ್ಪ ಒಂದು, ಮಾಡುತ್ತಿದ್ದೇನೆ. ರೆಗ್ಯುಲರ್ ಅಣ್ಣನ ತಗಡಿನಿಂದ, ಬೋಲ್ಡ್ ಅತ್ತಿಗೆಯ ಬಟ್ಟೆಯಿಂದ. ಸಾಮಾನ್ಯವಾಗಿ ರೆಗ್ಯುಲರ್ ಅಕ್ಷರಕ್ಕೇ ಮೈ ಸೇರಿಸಿ ಬೋಲ್ಡ್ ಮಾಡುತ್ತಾರೆ, ಇಲ್ಲೂ ಆದದ್ದು ಅದೇ ತಾನೆ. ಒಬ್ಬರ ಹೆಸರು ಮಾತ್ರ ಇಡಲು ಮನಸ್ಸು ಬಾರದೆ ಇರುವುದು ಇದಕ್ಕೇ. ಬೋಲ್ಡ್‌ನ ಪ್ರತಿ ಅಕ್ಷರವೂ ಈಗ ಅತ್ತಿಗೆಗೆ ವಾಟ್ಸಾಪಿನಲ್ಲಿ ಹೋಗುತ್ತದೆ. ಮೊದಮೊದಲು ಬರೀ ನಮಸ್ಕಾರದ ಚಿಹ್ನೆ ಬರುತ್ತಿತ್ತು. ಈಗ “ಳ ಹೊಟ್ಟೆ ಸಣ್ಣ ಮಾಡು” ಅಂತ ಬರುತ್ತದೆ. ಅವರು ಹೇಳಿದ್ದು ಸರಿಯಾಗಿಯೇ ಇರುತ್ತದೆ.

ಅಂಗಡಿಯವರ ಪ್ರಶ್ನೆ

ನಾನು ಮೊದಲು ಕೆಲಸ ಮಾಡಿದ ಊರಿನಲ್ಲೇ ಇನ್ನೊಂದು ಫ್ಲೆಕ್ಸ್ ಅಂಗಡಿಗೆ ಹೋಗಿ ತೋರಿಸಿದೆ. “ಸಾರ್, ಭಾರಿ ಐತೆ. ನಮ್ ಕೋರಲ್‌ನಾಗೆ ಬರ್ತತಾ?” ಅಂತ ಕೇಳಿದರು. ಬರುವುದಿಲ್ಲ. ಅವರದ್ದು ಹಳೇ ವರ್ಷನ್, ಯೂನಿಕೋಡ್ ಕನ್ನಡ ಹಾಕಿದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ಇವತ್ತಿಗೂ ಎಷ್ಟೋ ಅಂಗಡಿಗಳು ‘ನುಡಿ’ ಅನ್ನುವ ಕನ್ನಡ ಸಾಫ್ಟ್‌ವೇರಿನ ಹಳೇ ಫಾಂಟುಗಳನ್ನೇ ನಂಬಿಕೊಂಡಿರುವುದು ಇದಕ್ಕೆ. ಹಾಗಾಗಿ ಆ ಹಳೇ ಫಾಂಟುಗಳ ಎನ್‌ಕೋಡಿಂಗಿನಲ್ಲೂ, ಅಂದರೆ ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಅನ್ನುವ ಅವುಗಳ ಲೆಕ್ಕದಲ್ಲೂ, ಒಂದು ಪ್ರತಿ ಮಾಡಿಕೊಡಲು ಒಪ್ಪಿಕೊಂಡಿದ್ದೇನೆ. ಅದರಲ್ಲಿ ಜಾಗ ಕಮ್ಮಿ. ಉದ್ದ ಬಾಲ, ಮೋಟು ಬಾಲ ಎರಡೂ ಹಿಡಿಯುವುದಿಲ್ಲ. ಯೂನಿಕೋಡ್ ಕಾಲದಲ್ಲಿ ಇದೆಂಥ ಹಿಂದಕ್ಕೆ ಹೋಗೋ ಕೆಲಸ ಅಂತ ಫಾಂಟ್ ಮಾಡುವ ಗೆಳೆಯರು ಬೈಯುತ್ತಿದ್ದಾರೆ. ಬೈಯಲಿ. ಬೋರ್ಡಿನ ಮೇಲೆ ಬಾರದ ಬೋರ್ಡಿನ ಅಕ್ಷರ ತಗೊಂಡು ಏನು ಮಾಡೋದು?

ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕು ಅನ್ನುವ ತಿದ್ದುಪಡಿ 2024ರ ಫೆಬ್ರವರಿಯಲ್ಲಿ ಬಂತಲ್ಲ, ಆಮೇಲೆ ಬೆಂಗಳೂರಿನಲ್ಲಿ ಕನ್ನಡ ಬೋರ್ಡುಗಳು ಕಣ್ಣಿಗೆ ಬೀಳುವುದು ಜಾಸ್ತಿಯಾಯಿತು. ಆದರೆ ಚಪ್ಪಲಿ ಅಂಗಡಿ, ಚಿನ್ನದ ಅಂಗಡಿ, ಹಲ್ಲಿನ ಡಾಕ್ಟರು, ಎಲ್ಲರದ್ದೂ ಒಂದೇ ಮುಖ. ಇಂಗ್ಲಿಷ್ ಹೆಸರಿಗೆ ದುಡ್ಡು ಕೊಟ್ಟು ಅಕ್ಷರ ಬರೆಸಿರುತ್ತಾರೆ, ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಸಿಕ್ಕಿದ್ದನ್ನು ಹಾಕಿರುತ್ತಾರೆ. ಈಗ ನನ್ನ ಕೆಲಸದಲ್ಲಿ ಅರ್ಧ ಇದೇ ಆಗಿದೆ, ಅಂಗಡಿ ಹೆಸರನ್ನು ಕನ್ನಡದಲ್ಲಿ ಬರೆದುಕೊಡುವುದು. ಥಂಬ್‌ನೇಲ್ ಬಿಟ್ಟಿದ್ದೇನೆ. ಈ ಫಾಂಟ್ ಕೆಲಸದಿಂದ ಮನಸ್ಸಿಗೆ ಸಮಾಧಾನ ಆಯಿತಾ ಅಂತ ಕೆಲವರು ಕೇಳುತ್ತಾರೆ. ಸಮಾಧಾನದ ಮಾತು ಬೇರೆ. ಬೆಳಗ್ಗೆ ಎದ್ದಾಗ ಇವತ್ತು ಯಾವ ಒತ್ತು ಅಂತ ಯೋಚನೆ ಇರುತ್ತದೆ. ಮೊದಲು ಅದೂ ಇರಲಿಲ್ಲ.

ಫಾಂಟು ಓಪನ್ ಫಾಂಟ್ ಲೈಸೆನ್ಸ್‌ನಲ್ಲಿ ಬರುತ್ತದೆ. ಯಾರು ಬೇಕಾದರೂ ಬಳಸಬಹುದು, ಬದಲಾಯಿಸಬಹುದು, ಫಾಂಟನ್ನೇ ಬಿಡಿಯಾಗಿ ಮಾರುವ ಹಾಗಿಲ್ಲ. ಅತ್ತಿಗೆಯನ್ನು ಕೇಳಿಯೇ ಇದನ್ನು ತೀರ್ಮಾನಿಸಿದ್ದು.

ಮುಂದಿನದು ಅಂಕಿ. ದಾವಣಗೆರೆಯ ಹಳೇ ಬೋರ್ಡು ಅಂದರೆ ಫೋನ್ ನಂಬರಿನ ಮುಂದೆ 08192 ಇರಲೇಬೇಕು, ಹಾಗಾಗಿ 0, 1, 2, 8, 9 ಧಾರಾಳವಾಗಿವೆ. ಕನ್ನಡ ಅಂಕಿ ಸಿಕ್ಕಿರುವುದು ಒಂದೇ ಒಂದು ದೇವಸ್ಥಾನದ ಬಾಗಿಲ ಮೇಲೆ. ಅದರಲ್ಲಿ ೩, ೬, ೭ ಇಲ್ಲ. ಕೈಯಲ್ಲಿ ಬರೆದ ಕನ್ನಡ ಅಂಕಿ ಲಾರಿ ಮೇಲೋ, ಶಾಲೆ ಗೋಡೆ ಮೇಲೋ ಕಂಡರೆ ಫೋಟೊ ತೆಗೆದು ಕಳಿಸಿ. ಅಣ್ಣನದ್ದೇ ಆಗಬೇಕಿಲ್ಲ, ಆ ಕಡೆಯ ಯಾವ ಪೇಂಟರದ್ದಾದರೂ ಸರಿ. ಎದುರಿಗೆ ನೇರ ನಿಂತು ತೆಗೆಯಿರಿ, ಓರೆಯಾದರೆ ಅಗಲ ಸಿಗುವುದಿಲ್ಲ.