ಹಿತ್ತಾಳೆಯ ಸ್ಕ್ರೂ ಇದ್ದ ಕಿಟಕಿ

ಫೋಟೋದಲ್ಲಿ ಕೋಣೆ ಬಹಳ ಚೆನ್ನಾಗಿ ಕಾಣುತ್ತಿತ್ತು. ಬಿಳಿ ಹಾಸಿಗೆ, ಅದರ ಮೇಲೆ ಮಡಿಸಿಟ್ಟ ಎರಡು ಟವೆಲ್, ಕಿಟಕಿಯಾಚೆ ಬೆರಳಗಲದಷ್ಟು ಸಮುದ್ರ. ಕೆಳಗೆ ‘ಕಡಲತೀರಕ್ಕೆ ನಾಲ್ಕೇ ನಿಮಿಷ’ ಎಂಬ ಒಕ್ಕಣೆ. ಪ್ರವಾಸಿಗರಿಗೆ ಕೋಣೆ ಕೊಡಿಸುವ ಜಾಲತಾಣವೊಂದರಲ್ಲಿ ಅದನ್ನು ದಾಟಿ ಮುಂದೆ ಹೋಗುವವಳಿದ್ದೆ. ಅಷ್ಟರಲ್ಲಿ ಕಿಟಕಿಯ ಚಿಲಕ ಕಣ್ಣಿಗೆ ಬಿತ್ತು. ಮೂರು ಸ್ಕ್ರೂಗಳಲ್ಲಿ ಎರಡು ಬೆಳ್ಳಗೆ ಹೊಳೆಯುತ್ತಿದ್ದವು, ಮೂರನೆಯದು ಹಿತ್ತಾಳೆಯದು. ಆ ಹಿತ್ತಾಳೆಯದನ್ನು ಹಾಕಿದವಳು ನಾನೇ. ಆ ದಿನ ಡಬ್ಬಿಯಲ್ಲಿ ಬೇರೆ ಸ್ಕ್ರೂ ಇರಲಿಲ್ಲ.

ಪ್ರವಾಸಿಗರನ್ನೇ ನಂಬಿ ಬದುಕುವ ಸಣ್ಣ ಕಡಲೂರಿನಲ್ಲಿ ಮೂವತ್ತನಾಲ್ಕು ಬಾಡಿಗೆ ಮನೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಊರಿನಲ್ಲಿ ದುಡಿಯುವವರು ಊರಿನಲ್ಲಿಯೇ ಇರಲಿ ಎಂದು ಬಾಡಿಗೆಯನ್ನು ಬೇಕೆಂದೇ ಕಡಿಮೆ ಇಟ್ಟಿರುವ ಮನೆಗಳಿವು. ಇಲ್ಲಿಗೆ ಬರುವ ಮೊದಲು ಹನ್ನೊಂದು ವರ್ಷ ಹೋಟೆಲಿನ ಸ್ವಾಗತ ಮೇಜಿನ ಹಿಂದೆ ನಿಂತಿದ್ದೆ. ಅಲ್ಲಿ ಒಂದೇ ಕೋಣೆಯ ದರವನ್ನು ದಿನಕ್ಕೆರಡು ಸಲ ಏರಿಸಿ ಇಳಿಸಿದ್ದೂ ಉಂಟು. ಇಲ್ಲಿ ಅದೇ ಸಮುದ್ರ ಕಾಣುವ ಕೋಣೆಯ ದರ ಅಲುಗಾಡದಂತೆ ಹಿಡಿದುಕೊಂಡು ಕೂರಬೇಕು. ಹಳೆಯ ಸಹೋದ್ಯೋಗಿಗಳು ಇದನ್ನು ಸುಲಭದ ಕೆಲಸ ಎಂದುಕೊಂಡಿದ್ದಾರೆ.

ಸೀಸನ್ನಿನ ಒಂದು ವಾರಕ್ಕೆ ಪ್ರವಾಸಿ ಸಂತೋಷದಿಂದ ಕೊಡುವ ಹಣ ನಮ್ಮ ಬಾಡಿಗೆದಾರರ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು. ಈ ಲೆಕ್ಕ ಊರಿನಲ್ಲಿ ಯಾರಿಗೂ ಗೊತ್ತಿಲ್ಲದ್ದಲ್ಲ. ಒಂದೊಂದಾಗಿ ಮನೆಗಳು ವಾಸದಿಂದ ವಿಹಾರಕ್ಕೆ ಜಾರುವುದು ಇದರಿಂದಲೇ. ಮಾಲೀಕರೆಲ್ಲ ದುರಾಸೆಯವರು ಎಂದು ಬೈಯುವುದು ನನಗೆ ಒಗ್ಗದು. ಎಷ್ಟೋ ಮಾಲೀಕರು ಸಾಲದ ಕಂತು ಕಟ್ಟಲೆಂದೇ ಹಾಗೆ ಮಾಡುತ್ತಾರೆ. ಆದರೆ ಹಾಸಿಗೆಯ ಹೊದಿಕೆ ಬದಲಿಸುವವರು, ಅಡುಗೆಮನೆಯಲ್ಲಿ ಬೇಯುವವರು, ದೋಣಿಗೆ ಟಿಕೆಟ್ ಹರಿಯುವವರು ಎಲ್ಲಿ ಮಲಗಬೇಕು ಎಂಬುದು ಆ ಲೆಕ್ಕದ ಯಾವ ಕಾಲಂನಲ್ಲಿಯೂ ಬರುವುದಿಲ್ಲ.

ಬೇರೆ ಊರುಗಳೂ ಕೈಕಟ್ಟಿ ಕುಳಿತಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ತೀರದ ಸೇಂಟ್ ಐವ್ಸ್‌ನಲ್ಲಿ 2016ರ ಮೇ ತಿಂಗಳಲ್ಲಿ ಜನಮತಗಣನೆ ನಡೆಯಿತು. ಹೊಸದಾಗಿ ಕಟ್ಟುವ ಮನೆಗಳು ಯಾರಾದರೊಬ್ಬರ ಮುಖ್ಯ ವಾಸಸ್ಥಳವಾಗಿಯೇ ಇರಬೇಕು ಎಂಬ ನಿಯಮದ ಪರವಾಗಿ ಮತ ಹಾಕಿದವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ನಿಂತರು. ಆ ಸುದ್ದಿ ಓದಿದಾಗ ನನಗೂ ಸಂಭ್ರಮವಾಗಿತ್ತು. ಆಮೇಲೆ ಏನಾಯಿತೆಂದರೆ, ರಜೆಯ ಮನೆ ಬೇಕೆನ್ನುವವರು ಹೊಸದನ್ನು ಬಿಟ್ಟು ಹಳೆಯ ಮನೆಗಳತ್ತ ತಿರುಗಿದರು, ಕಟ್ಟುವವರಿಗೆ ಹೊಸ ಮನೆ ಕಟ್ಟುವ ಹುರುಪು ತಗ್ಗಿತು. ನೀರಿಗೆ ಒಂದು ಕಡೆ ಒಡ್ಡು ಹಾಕಿದರೆ ಇನ್ನೊಂದು ಕಡೆ ನುಗ್ಗಿದ ಹಾಗೆ. ಬಾರ್ಸಿಲೋನಾ ಇನ್ನೂ ಗಟ್ಟಿಯಾಗಿ ಹೆಜ್ಜೆಯಿಟ್ಟಿದೆ: 2028ರ ನವೆಂಬರ್ ವೇಳೆಗೆ 10,101 ಪ್ರವಾಸಿ ಫ್ಲಾಟ್‌ಗಳ ಪರವಾನಗಿ ಕೊನೆಗೊಳ್ಳಲಿದೆ, ನವೀಕರಿಸುವುದಿಲ್ಲ ಎಂದು ಅದರ ಮೇಯರ್ 2024ರ ಜೂನ್‌ನಲ್ಲಿ ಘೋಷಿಸಿದರು. ಅದು ದೊಡ್ಡ ನಗರ, ವಕೀಲರ ಪಡೆಯೇ ಇರುತ್ತದೆ. ನನ್ನ ಬಳಿ ಇರುವುದು ಒಂದು ಕೀಲಿಗೊಂಚಲು, ಒಂದು ಕರಾರು ಪತ್ರ. ‘ಒಳಬಾಡಿಗೆಗೆ ಕೊಡುವಂತಿಲ್ಲ’ ಎಂಬುದು ಅದರ ಏಳನೆಯ ಕಲಮು.

ಹಾಗಾಗಿ ಆ ಕಿಟಕಿಯ ಮನೆಗೆ ಹೋದೆ. ಬಾಗಿಲು ತೆರೆದವರು ಯಾರೋ ದಂಪತಿ, ಕೈಯಲ್ಲಿ ಮರಳು ಅಂಟಿದ ಚಪ್ಪಲಿ. ಟವೆಲ್ ಬದಲಿಸಲು ಬಂದವಳೆಂದು ತಿಳಿದು ಒಳಗೆ ಕರೆದರು! ನನ್ನ ಬಾಡಿಗೆದಾರಳು ಸಿಕ್ಕಿದ್ದು ಸಂಜೆ, ಅವಳು ಕೆಲಸ ಮಾಡುವ ಹೋಟೆಲಿನ ಬಟ್ಟೆ ಒಗೆಯುವ ಕೋಣೆಯ ಹಿಂದೆ. ಹತ್ತು ದಿನಗಳಿಂದ ಅಲ್ಲಿಯೇ, ಇಸ್ತ್ರಿ ಮಾಡಿದ ಹೊದಿಕೆಗಳ ರಾಶಿಯ ಪಕ್ಕದಲ್ಲಿ ಮಲಗುತ್ತಿದ್ದಳು. ಸುಳ್ಳು ಹೇಳಲಿಲ್ಲ, ಅಳಲೂ ಇಲ್ಲ. ಚೀಲದಿಂದ ನಾಲ್ಕು ಕಾಗದ ತೆಗೆದು ನನ್ನ ಮುಂದೆ ಇಟ್ಟಳು. ನಾಲ್ಕೂ ಬಾಡಿಗೆ ಬಾಕಿಯ ನೋಟಿಸುಗಳು, ನಾಲ್ಕರ ಕೆಳಗೂ ನನ್ನದೇ ಸಹಿ.

“ಈ ಬಾಕಿ ತೀರಿಸಲು ನನ್ನ ಬಳಿ ಮಾರಲು ಬೇರೇನಿತ್ತು ಹೇಳಿ” ಎಂದಳು.

ಅವಳ ಬಾಡಿಗೆ ನಿಗದಿಪಡಿಸಿದ್ದೂ ನಾನೇ. ಮನೆಯ ಖರ್ಚು ಆದಾಯದ ಶೇ. 30ನ್ನು ಮೀರಬಾರದು ಎಂಬ ಅಳತೆ ಬಹಳ ಕಡೆ ಚಾಲ್ತಿಯಲ್ಲಿದೆ. ಅಮೆರಿಕದಲ್ಲಿ ಸಾರ್ವಜನಿಕ ವಸತಿಗೆ 1969ರ ಕಾನೂನು ಶೇ. 25ರ ಮಿತಿ ಹಾಕಿತು, 1981ರಲ್ಲಿ ಅದು 30ಕ್ಕೆ ಏರಿತು, ಆಮೇಲೆ ಎಲ್ಲರ ಬಾಯಲ್ಲೂ ಅದೇ ಅಂಕಿ. ನಾವೂ ವರ್ಷದ ಆದಾಯವನ್ನು ಹನ್ನೆರಡರಿಂದ ಭಾಗಿಸಿ, ಅದರಲ್ಲಿ ಶೇ. 30ರಷ್ಟನ್ನು ಬಾಡಿಗೆ ಎನ್ನುತ್ತೇವೆ. ಕಾಗದದ ಮೇಲೆ ಅದು ನ್ಯಾಯವಾಗಿಯೇ ಇದೆ. ಆದರೆ ಕಡಲೂರಿನ ಸಂಬಳ ಹನ್ನೆರಡು ತಿಂಗಳು ಬರುವುದಿಲ್ಲ. ಐದು ತಿಂಗಳು ಎಡೆಬಿಡದ ದುಡಿಮೆ, ಎರಡು ತಿಂಗಳು ಅರ್ಧ ಕೆಲಸ, ಉಳಿದ ಐದು ತಿಂಗಳು ‘ಕರೆದಾಗ ಬನ್ನಿ’. ಆ ಕೊನೆಯ ಐದು ತಿಂಗಳಲ್ಲಿ ನನ್ನ ‘ಅಗ್ಗದ’ ಬಾಡಿಗೆ ಅವಳ ಕೈಗೆ ಬರುವ ಹಣದ ಮುಕ್ಕಾಲು ಪಾಲನ್ನು ತಿನ್ನುತ್ತಿತ್ತು. ಹೋಟೆಲಿನಲ್ಲಿದ್ದಾಗ ಸೀಸನ್ ಎಂದರೆ ಏನೆಂದು ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಮೇಜು ಬದಲಾದ ಕೂಡಲೇ ಮರೆತುಬಿಟ್ಟಿದ್ದೆ.

ಈ ಮನೆಗಳ ಆಡಳಿತ ನೋಡುವ ಸಮಿತಿಯ ಸಭೆಯಲ್ಲಿ ಎರಡು ಗಂಟೆ ವಾದವಾಯಿತು. ಅವಳಿಂದ ಮನೆ ಬಿಡಿಸಬೇಕೆಂದು ಇಬ್ಬರು ಪಟ್ಟುಹಿಡಿದರು, ಅವರ ಮಾತಿನಲ್ಲಿ ಹುರುಳೂ ಇತ್ತು. ಒಬ್ಬರನ್ನು ಸುಮ್ಮನೆ ಬಿಟ್ಟರೆ ಮುಂದಿನ ಸೀಸನ್ನಿಗೆ ಮೂವತ್ತನಾಲ್ಕು ಫೋಟೋಗಳು ಆ ಜಾಲತಾಣದಲ್ಲಿರುತ್ತವೆ. ಕೊನೆಗೆ ಲಿಖಿತ ಎಚ್ಚರಿಕೆ ಕೊಟ್ಟು ಅವಳನ್ನು ಉಳಿಸಿಕೊಂಡೆವು. ಒಳಬಾಡಿಗೆಯಿಂದ ಬಂದ ಹಣ ಬಾಕಿಗೆ ಜಮೆಯಾಯಿತು. ಈಗ ಬೇಕೆಂದವರಿಗೆ ಬಾಡಿಗೆಯನ್ನು ಸಮನಾಗಿ ಹಂಚುವುದಿಲ್ಲ: ಸೀಸನ್ ತಿಂಗಳುಗಳಲ್ಲಿ ಹೆಚ್ಚು, ಖಾಲಿ ತಿಂಗಳುಗಳಲ್ಲಿ ಬಹಳ ಕಡಿಮೆ, ವರ್ಷದ ಮೊತ್ತ ಅಷ್ಟೇ. ಇಷ್ಟು ಹೊಳೆಯಲು ನನಗೆ ಒಂದು ಹಿತ್ತಾಳೆಯ ಸ್ಕ್ರೂ ಬೇಕಾಯಿತು.

ಇದಾದ ಮೇಲೆ ಕಾಯುವ ಪಟ್ಟಿಯ ಮೊದಲ ಹೆಸರಿನವಳು ಕಚೇರಿಗೆ ಬಂದಳು. ಆಸ್ಪತ್ರೆಯಲ್ಲಿ ನರ್ಸ್, ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ಎರಡು ಗಂಟೆ ಪ್ರಯಾಣ ಮಾಡಿ ಮನೆ ಸೇರುವವಳು. ಸಣ್ಣ ಊರಿನಲ್ಲಿ ಯಾವ ಸುದ್ದಿಯೂ ನಿಲ್ಲುವುದಿಲ್ಲ. “ನಿಯಮ ಮುರಿದವರು ಒಳಗಿದ್ದಾರೆ. ನಾನು ಏನೂ ಮುರಿದಿಲ್ಲ, ಮೂರು ವರ್ಷದಿಂದ ಹೊರಗಿದ್ದೇನೆ” ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಉತ್ತರಿಸುವುದು ಸುಲಭವಾಗುತ್ತಿತ್ತು.

ಅವಳಿಗೆ ನಿಜ ಹೇಳಬೇಕಿತ್ತು: ಮೂವತ್ತನಾಲ್ಕರಲ್ಲಿ ಎರಡು ಮನೆಗಳು ಒಂದು ವರ್ಷದಿಂದ ಬೀಗ ಹಾಕಿಕೊಂಡಿವೆ. ಕಾರಣ ಉಪ್ಪು. ಕಡಲಗಾಳಿಯ ಉಪ್ಪು ತೇವದೊಂದಿಗೆ ಕಾಂಕ್ರೀಟಿನೊಳಗೆ ಇಳಿಯುತ್ತದೆ, ಕಬ್ಬಿಣದ ಕಂಬಿಯನ್ನು ಕಾಯುವ ತೆಳ್ಳನೆಯ ಪದರವನ್ನು ಒಡೆಯುತ್ತದೆ. ತುಕ್ಕು ಹಿಡಿದ ಕಂಬಿ ಒಳಗಿಂದೊಳಗೇ ಉಬ್ಬುತ್ತದೆ, ಕಾಂಕ್ರೀಟನ್ನು ಸೀಳುತ್ತದೆ. ಒಂದು ಬೆಳಿಗ್ಗೆ ಹಾಸಿಗೆಯ ಮೇಲೆ ಅಂಗೈಯಗಲದ ಚಕ್ಕೆ ಬಿದ್ದಿರುತ್ತದೆ. ಮೇಲೆ ಗಿಲಾವು ಮೆತ್ತಿ ಸುಣ್ಣ ಬಳಿದರೆ ನೋಡಲು ಚೆಂದ, ಎರಡು ವರ್ಷಕ್ಕೆ ಮತ್ತೆ ಅದೇ ಕಥೆ. ಸಡಿಲವಾದದ್ದನ್ನೆಲ್ಲ ಕೆತ್ತಿ, ಕಂಬಿಯನ್ನು ಉಜ್ಜಿ ಶುದ್ಧ ಮಾಡಿ, ಸವೆದಿದ್ದರೆ ಬದಲಿಸಿ, ಹೊಸದಾಗಿ ತುಂಬಬೇಕು. ಚಿಲಕ, ಕೀಲುಗಳದ್ದೂ ಇದೇ ಪಾಡು. ಸ್ಟೇನ್‌ಲೆಸ್ ಎಂದು ಕೊಡುವ 304 ದರ್ಜೆಯ ಉಕ್ಕಿಗೂ ಇಲ್ಲಿ ಕಂದು ಚುಕ್ಕೆ ಬರುತ್ತದೆ. ಮಾಲಿಬ್ಡಿನಮ್ ಎಂಬ ಲೋಹ ಬೆರೆತ 316 ದರ್ಜೆಯದು ಹೆಚ್ಚು ಕಾಲ ತಾಳುತ್ತದೆ, ಬೆಲೆಯೂ ಹೆಚ್ಚು. ಕಡಿಮೆ ಬಾಡಿಗೆಯಲ್ಲಿ ದುರಸ್ತಿಗೆಂದು ತೆಗೆದಿಡುವ ಪಾಲು ಚಿಕ್ಕದು, ಸಮುದ್ರ ಕೇಳುವ ಪಾಲು ಮಾತ್ರ ಎಲ್ಲರಿಗೂ ಒಂದೇ. ಮನೆ ಕಟ್ಟಿಸಿ ರಿಬ್ಬನ್ ಕತ್ತರಿಸಲು ದುಡ್ಡು ಕೊಡುವವರು ಸಿಗುತ್ತಾರೆ, ಕಂಬಿ ಉಜ್ಜಿಸಲು ಕೊಡುವವರನ್ನು ನಾನಿನ್ನೂ ಕಂಡಿಲ್ಲ.

ಈ ವರ್ಷ ಬೇರೆ ಖರ್ಚುಗಳನ್ನು ಬದಿಗೊತ್ತಿ ಹಣ ಹೊಂದಿಸಿದ್ದಾಯಿತು. ಈಗಿರುವ ತೊಡಕು ಗುತ್ತಿಗೆದಾರರದು. ಸೀಸನ್ ಶುರುವಾಗುವ ಮುನ್ನ ಅವರಿಗೆಲ್ಲ ಹೋಟೆಲುಗಳ ಕೆಲಸ ಕೈತುಂಬಾ ಇದೆ, ‘ಸೀಸನ್ ಮುಗಿಯಲಿ, ನೋಡೋಣ’ ಎನ್ನುತ್ತಾರೆ. ಕೊನೆಗೂ ಒಬ್ಬರು ಒಂದು ಮನೆಯ ಚಾವಣಿಯನ್ನು ಮಾತ್ರ ಮಾಡಿಕೊಡಲು ಒಪ್ಪಿದ್ದಾರೆ. ಮೊನ್ನೆ ಬರುತ್ತೇನೆ ಎಂದಿದ್ದರು. ನಿನ್ನೆಯೂ ಬರಲಿಲ್ಲ. ನರ್ಸ್ ಮಾತ್ರ ಪಾಳಿ ಮುಗಿಸಿ ಬೆಳಿಗ್ಗೆ ಏಳಕ್ಕೆ ಬಂದು, ಬೀಗ ತೆಗೆಸಿ, ಅಡಿಪಟ್ಟಿ ಹಿಡಿದು ಕೋಣೆಯ ಅಳತೆ ತೆಗೆದುಕೊಂಡು ಹೋದಳು. ನಾನು ಕಿಟಕಿಯ ಚಿಲಕಗಳನ್ನು ಬಿಚ್ಚಿ 316ರ ಸ್ಕ್ರೂ ಹಾಕುತ್ತಿದ್ದೆ. ಇದನ್ನು ಬರೆದು ಮುಗಿಸಿ ಗುತ್ತಿಗೆದಾರರಿಗೆ ಮತ್ತೊಮ್ಮೆ ಫೋನ್ ಮಾಡಬೇಕು.