ದಾರ ಬಟ್ಟೆಗಿಂತ ಗಟ್ಟಿಯಾಗಿರಬಾರದು: ಕೌದಿ ಹೊಲಿಯುವ ಕೆಲಸದಲ್ಲಿ ಕಲಿತದ್ದು

ಹುಬ್ಬಳ್ಳಿಯಲ್ಲಿ ಕೌದಿ, ಅಂದರೆ ಹಳೆಯ ಬಟ್ಟೆಗಳನ್ನು ಪದರಪದರವಾಗಿ ಕೂಡಿಸಿದ ಹೊದಿಕೆ, ಹೊಲಿದುಕೊಡುವ ಒಂದು ಸಣ್ಣ ಘಟಕದಲ್ಲಿ ನಾನು ಕೆಲಸ ಮಾಡುತ್ತೇನೆ. ಆರ್ಡರ್ ಬರೆದುಕೊಳ್ಳುವುದು, ಗ್ರಾಹಕರು ತಂದ ಹಳೆಯ ಸೀರೆ, ಧೋತರಗಳನ್ನು ವಿಂಗಡಿಸಿ ಕತ್ತರಿಸುವುದು, ಹೊಲಿದು ಬಂದ ಕೌದಿಯನ್ನು ಹಿಂದು ಮುಂದು ತಿರುಗಿಸಿ ನೋಡಿ ಒಪ್ಪಿಸುವುದು ನನ್ನ ಪಾಲಿನ ಕೆಲಸ. ಕೈಹೊಲಿಗೆಯನ್ನು ಧಾರವಾಡದ ಸುತ್ತಲಿನ ಹಳ್ಳಿಗಳ ಹೆಂಗಸರು ತಮ್ಮ ಮನೆಗಳಲ್ಲಿಯೇ ಮಾಡಿ ಕಳಿಸುತ್ತಾರೆ. ಯಂತ್ರದ ಹೊಲಿಗೆ ನಮ್ಮಲ್ಲೇ ಆಗುತ್ತದೆ. ತೀರಿಕೊಂಡ ತಾಯಿಯ ಸೀರೆ, ಅಜ್ಜಿಯ ಇಳಕಲ್ಲು, ಮಗು ಹುಟ್ಟಿದಾಗ ತೊಟ್ಟಿಲಿಗೆ ಕಟ್ಟಿದ ಬಟ್ಟೆ ಹೀಗೆ ಇಟ್ಟುಕೊಳ್ಳಲೂ ಆಗದ, ಎಸೆಯಲೂ ಮನಸ್ಸಾಗದ ಬಟ್ಟೆಗಳೇ ನಮ್ಮಲ್ಲಿಗೆ ಹೆಚ್ಚು ಬರುವುದು. ಹೊಸ ಆರ್ಡರುಗಳ ಜೊತೆಗೆ, ಬೇರೆಲ್ಲೋ ಹೊಲಿಸಿದ ಕೌದಿಗಳು ರಿಪೇರಿಗೂ ಬರುತ್ತವೆ. ನಾನು ಕೆಲಸ ಕಲಿತದ್ದು ಮುಖ್ಯವಾಗಿ ಈ ರಿಪೇರಿಯ ಗಂಟುಗಳನ್ನು ಬಿಚ್ಚಿ ನೋಡುವುದರಿಂದ. ಹೊಸ ಕೌದಿ ಎಷ್ಟು ಚೆಂದವಾಗಿದ್ದರೂ ಅದು ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಹೇಳುವುದಿಲ್ಲ. ಹರಿದ ಕೌದಿಯಾದರೆ ಎಲ್ಲಿ, ಯಾವ ಕಾರಣಕ್ಕೆ ಸೋತೆನೆಂದು ತಾನೇ ತೋರಿಸಿಕೊಡುತ್ತದೆ.

ಕೌದಿ ಬಟ್ಟೆಯ ನಡುವೆ ಸವೆದು ಹರಿಯುತ್ತದೆ ಎಂದೇ ಬಹಳ ಜನ ತಿಳಿದಿರುತ್ತಾರೆ. ರಿಪೇರಿಗೆ ಬಂದವುಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಬೇರೆ: ತುಂಡಿನ ನಡುಭಾಗ ಇನ್ನೂ ಗಟ್ಟಿಯಾಗಿರುತ್ತದೆ, ಹರಿದಿರುವುದು ಹೊಲಿಗೆಯ ಗೆರೆಯ ಪಕ್ಕದಲ್ಲಿ. ಇತ್ತೀಚೆಗೆ ಬಂದ ಒಂದು ಕೌದಿಯಲ್ಲಿ ತಿಳಿನೀಲಿ ವಾಯಿಲ್ ಸೀರೆಯ ತುಂಡುಗಳನ್ನು ಪಾಲಿಯೆಸ್ಟರ್ ದಾರದಿಂದ ಯಂತ್ರದಲ್ಲಿ ಒತ್ತಾಗಿ ಹೊಲಿದಿದ್ದರು. ದಾರ ಒಂದೆಡೆಯೂ ತುಂಡಾಗಿರಲಿಲ್ಲ, ಅದರ ಹೊಳಪು ಕೂಡ ಮಾಸಿರಲಿಲ್ಲ. ಆದರೆ ದಾರದ ಎರಡೂ ಬದಿಯಲ್ಲಿ ವಾಯಿಲ್ ಬಟ್ಟೆ ಅಂಚೆಚೀಟಿಯ ತೂತುಗೆರೆಯಂತೆ ನೇರವಾಗಿ ಬಿಟ್ಟುಕೊಂಡು, ದಾರ ಮಾತ್ರ ಒಳಪದರದ ಮೇಲೆ ಬಿಗಿಯಾಗಿ ಕುಳಿತಿತ್ತು. ಬೆರಳಿಟ್ಟು ಎಳೆದರೆ ತುಂಡಿಗೆ ತುಂಡೇ ಎದ್ದು ಬರುತ್ತಿತ್ತು. ಹೊಲಿದವರು ಕೆಲಸಗಳ್ಳರಲ್ಲ, ಹೊಲಿಗೆ ನೆಟ್ಟಗಿತ್ತು, ಮೂಲೆಗಳು ಸರಿಯಾಗಿ ಕೂಡಿದ್ದವು. ಬಾಳಿಕೆ ಬರಲಿ ಎಂದೇ ಅವರು ಅಂಗಡಿಯಲ್ಲಿ ಸಿಗುವ ಅತ್ಯಂತ ಗಟ್ಟಿ ದಾರವನ್ನು ಹಾಕಿದ್ದರು, ಹೊಲಿಗೆಯನ್ನೂ ಅದೇ ಕಾರಣಕ್ಕೆ ಒತ್ತೊತ್ತಾಗಿ ಹಾಕಿದ್ದರು. ಆ ಕೌದಿಯನ್ನು ಕೆಡಿಸಿದ್ದು ಆ ಎರಡು ನಿರ್ಧಾರಗಳೇ.

ಇದರ ಕಾರಣ ಸರಳವಾಗಿದೆ. ಕೌದಿಯನ್ನು ಎಳೆದಾಗ, ಒಗೆದಾಗ, ಮಲಗಿದವರು ಮಗ್ಗುಲು ಬದಲಿಸಿದಾಗ ಬೀಳುವ ಎಳೆತ ಯಾವುದಾದರೂ ಒಂದರ ಮೇಲೆ ತೀರಬೇಕು: ದಾರದ ಮೇಲೆ, ಇಲ್ಲವೇ ಬಟ್ಟೆಯ ಮೇಲೆ. ದಾರ ಬಟ್ಟೆಗಿಂತ ಗಟ್ಟಿಯಾಗಿದ್ದರೆ ಬಟ್ಟೆ ಬಿಟ್ಟುಕೊಡುತ್ತದೆ. ದಾರ ಸ್ವಲ್ಪ ಸಡಿಲವೂ ಬಲದಲ್ಲಿ ಕಡಿಮೆಯೂ ಆಗಿದ್ದರೆ ದಾರ ತುಂಡಾಗುತ್ತದೆ. ತುಂಡಾದ ದಾರವನ್ನು ಅರ್ಧ ಗಂಟೆಯಲ್ಲಿ ಮತ್ತೆ ಹಾಕಬಹುದು, ಆದರೆ ಹಲವು ವರ್ಷ ಉಟ್ಟು, ನೂರಾರು ಸಲ ಒಗೆದು ಮೆತ್ತಗಾದ ಅಜ್ಜಿಯ ಸೀರೆಯ ತುಂಡು ಹರಿದರೆ ಅದಕ್ಕೆ ಬದಲಿ ತುಂಡು ಎಲ್ಲಿಯೂ ಸಿಗುವುದಿಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಬಟ್ಟೆಗಳನ್ನು ಸಂರಕ್ಷಿಸುವವರೂ ಇದೇ ಕಾರಣಕ್ಕೆ ಬಟ್ಟೆಗಿಂತ ದುರ್ಬಲವಾದ ದಾರವನ್ನು ಆರಿಸುತ್ತಾರೆ. ಹೊಸ ಬಟ್ಟೆಯನ್ನು ಹೊಲಿಯುವ ದರ್ಜಿಗೆ ಈ ಯೋಚನೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಹೊಸ ಬಟ್ಟೆಯೇ ಸಾಕಷ್ಟು ಗಟ್ಟಿ. ಹಳೆಯ ಬಟ್ಟೆಯ ಕೆಲಸಕ್ಕೆ ಬಂದವರು ಮಾತ್ರ ಹೊಲಿಗೆಯ ಅಂಗಡಿಯಲ್ಲಿ ಕಲಿತ ಅಭ್ಯಾಸವನ್ನು ತಿರುವುಮುರುವು ಮಾಡಿಕೊಳ್ಳಬೇಕಾಗುತ್ತದೆ. ನಾವು ಈಗ ಹಳೆಯ ಹತ್ತಿ ಬಟ್ಟೆಗೆ ಹತ್ತಿಯ ದಾರವನ್ನೇ ಬಳಸುತ್ತೇವೆ.

ಯಂತ್ರದ ವಿಷಯದಲ್ಲಿ ಒಂದೆರಡು ಮಾತು ಹೆಚ್ಚಿಗೆ ಹೇಳಬೇಕು, ಏಕೆಂದರೆ ಎಲ್ಲ ದೋಷವನ್ನೂ ಯಂತ್ರದ ಮೇಲೆ ಹಾಕುವುದು ನ್ಯಾಯವಲ್ಲ. ಮನೆಯಲ್ಲಿರುವ ಯಂತ್ರಗಳಲ್ಲಿ ಸಾಮಾನ್ಯವಾಗಿ 14 ಅಥವಾ 16ನೇ ನಂಬರಿನ ಸೂಜಿ ಹಾಕಿಯೇ ಇರುತ್ತದೆ. ದಪ್ಪ ಬಟ್ಟೆಗೆ ಅದು ಸರಿ, ಆದರೆ ಸವೆದ ವಾಯಿಲ್ ಅಥವಾ ಮಲ್ಮಲ್ ಬಟ್ಟೆಗೆ 9 ಅಥವಾ 11ನೇ ನಂಬರಿನ ಸೂಜಿ ಬೇಕು. ಇಂಚಿಗೆ ಹನ್ನೆರಡು ಹೊಲಿಗೆ ಹಾಕಿದರೆ ಪ್ರತಿ ಇಂಚಿನಲ್ಲೂ ಹನ್ನೆರಡು ತೂತುಗಳು ಬೀಳುತ್ತವೆ, ಮೊನೆ ಸವೆದ ಸೂಜಿಯಾದರೆ ಎಳೆಗಳನ್ನು ಸರಿಸುವ ಬದಲು ಕಡಿದೇ ಹೋಗುತ್ತದೆ. ಜೊತೆಗೆ ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ ಮತ್ತು ಬಾಬಿನ್ ದಾರ ಪ್ರತಿ ಹೊಲಿಗೆಗೂ ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯುವುದರಿಂದ ಬಟ್ಟೆಗೆ ಅಲುಗಾಡಲು ಆಸ್ಪದವೇ ಇರುವುದಿಲ್ಲ. ಕೈಯಲ್ಲಿ ಹಾಕುವ ಸಾದಾ ಹೊಲಿಗೆಯಲ್ಲಿ ಒಂದೇ ದಾರ ಮೇಲೆ ಕೆಳಗೆ ಹಾಯುತ್ತ ಹೋಗುತ್ತದೆ, ಇಂಚಿಗೆ ಐದಾರು ಹೊಲಿಗೆಗಿಂತ ಹೆಚ್ಚು ಬೀಳುವುದಿಲ್ಲ, ಎಳೆತ ಬಿದ್ದಾಗ ಆ ದಾರ ಸ್ವಲ್ಪ ಜಾರಿ ಪಕ್ಕದ ಹೊಲಿಗೆಗೆ ಭಾರವನ್ನು ದಾಟಿಸುತ್ತದೆ. ಕೈಹೊಲಿಗೆಯ ಕೌದಿ ಮೈಗೆ ಮೆತ್ತಗೆ ಅನಿಸುವುದಕ್ಕೂ, ಹೆಚ್ಚು ಕಾಲ ಬರುವುದಕ್ಕೂ ಇದು ಮುಖ್ಯ ಕಾರಣ. ಅದರಲ್ಲಿ ಪವಾಡವೇನೂ ಇಲ್ಲ, ಕೈಯಿಂದ ಮಾಡಿದ್ದೆಲ್ಲ ಶ್ರೇಷ್ಠ ಎಂಬ ಭಾವುಕತೆಯೂ ಬೇಕಾಗಿಲ್ಲ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಯನ್ನು ನೋಡಿದವರಿಗೆ ಈ ಮಾತು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಆಫ್ರಿಕಾ ಮೂಲದ ಈ ಸಮುದಾಯದವರು ಕವಂದಿಯನ್ನು ಅಂಚಿನಿಂದ ಹೊಲಿಯಲು ಆರಂಭಿಸಿ, ಹಳೆಯ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಹಾಸುತ್ತ, ಸುತ್ತು ಸುತ್ತಾಗಿ ನಡುವಿನ ಕಡೆಗೆ ಬರುತ್ತಾರೆ. ಮೂಲೆಗಳಿಗೆ ‘ಫುಲಾ’ ಎಂಬ ಮಡಚಿದ ಬಟ್ಟೆಯ ಹೂವನ್ನು ಇಡುತ್ತಾರೆ. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳನ್ನು ಅಧ್ಯಯನ ಮಾಡಿ ಹೊರದೇಶದ ಪ್ರದರ್ಶನಗಳವರೆಗೆ ಒಯ್ದ ಮೇಲೆ ನಗರದವರ ಕಣ್ಣು ಅವುಗಳ ಬಣ್ಣದ ಮೇಲೆ ಬಿತ್ತು. ನನ್ನ ಕಣ್ಣು ಮಾತ್ರ ಅವುಗಳ ಹೊಲಿಗೆಯ ದಿಕ್ಕಿನ ಮೇಲೆ ನಿಂತಿತು. ಹೊಲಿಗೆಯ ಗೆರೆಗಳು ನಾಲ್ಕೂ ಬದಿಗೆ ಸಮಾನಾಂತರವಾಗಿ ಸುತ್ತುವುದರಿಂದ ಯಾವ ಕಡೆಯಿಂದ ಎಳೆದರೂ ಎಳೆತ ಒಂದೇ ಗೆರೆಯ ಮೇಲೆ ಬೀಳುವುದಿಲ್ಲ. ನಮ್ಮ ಕಡೆಯ ಕೌದಿಗಳಲ್ಲಿ ಒಂದೇ ದಿಕ್ಕಿಗೆ ಉದ್ದಕ್ಕೆ ಹೊಲಿದವು ಅಡ್ಡಕ್ಕೆ ಎಳೆದಾಗ ಬೇಗ ಸೋಲುವುದನ್ನು ಕಂಡ ಮೇಲೆ, ನಾವೂ ಹೊರಗಿನ ಒಂದಷ್ಟು ಸುತ್ತುಗಳನ್ನು ಸುತ್ತುಹೊಲಿಗೆಯಾಗಿಯೇ ಹಾಕಿಸುತ್ತೇವೆ.

ಇನ್ನು ವಿಂಗಡಣೆಯ ಕೆಲಸ. ಒಂದು ಸೀರೆ ಉದ್ದಕ್ಕೂ ಒಂದೇ ಸಮನಾಗಿ ಸವೆಯುವುದಿಲ್ಲ. ನೆರಿಗೆಯ ಕೆಳಭಾಗ ಹಿಮ್ಮಡಿಗೆ ಸಿಕ್ಕಿ ಜೂಲಾಗಿರುತ್ತದೆ, ಹೆಗಲ ಮೇಲಿನ ಭಾಗ ಪಿನ್ನಿನಿಂದ ತೂತಾಗಿರುತ್ತದೆ, ಸೆರಗು ಬಿಸಿಲಿಗೆ ಬಣ್ಣ ಬಿಟ್ಟಿರುತ್ತದೆ, ಸೊಂಟದ ಒಳಗೆ ಮೊದಲ ಸುತ್ತಾಗಿ ಸಿಕ್ಕಿಸಿಕೊಳ್ಳುವ ಭಾಗ ಮಾತ್ರ ಹೊಸದರಂತೆಯೇ ಉಳಿದಿರುತ್ತದೆ. ಗ್ರಾಹಕರು ಸೆರಗನ್ನು ಮುಂದೆ ಹಿಡಿದು ಇದನ್ನು ಎದ್ದು ಕಾಣುವಂತೆ ಹಾಕಿ ಎನ್ನುತ್ತಾರೆ. ಭಾರ ಹೊರಲು ನನಗೆ ಬೇಕಾದದ್ದು ಯಾರೂ ನೋಡದ ಆ ಒಳಸುತ್ತಿನ ಬಟ್ಟೆ. ಹಾಗಾಗಿ ಕತ್ತರಿ ತೆಗೆಯುವ ಮೊದಲು ಪ್ರತಿ ಬಟ್ಟೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ತೆಳುವಾದ ಜಾಗಗಳಿಗೆ ಸೀಮೆಸುಣ್ಣದ ಗುರುತು ಹಾಕುತ್ತೇನೆ, ಎರಡೂ ಹೆಬ್ಬೆರಳುಗಳನ್ನು ಜೋಡಿಸಿ ಬಟ್ಟೆಯನ್ನು ಮೊದಲು ಹಾಸಿನ (ಉದ್ದದ ಎಳೆಗಳ) ದಿಕ್ಕಿಗೆ, ಆಮೇಲೆ ಹೊಕ್ಕಿನ (ಅಡ್ಡ ಎಳೆಗಳ) ದಿಕ್ಕಿಗೆ ಮೆಲ್ಲಗೆ ಎಳೆದು ನೋಡುತ್ತೇನೆ. ಚಿಟಚಿಟ ಎಂಬ ಸಣ್ಣ ಸದ್ದು ಕೇಳಿದರೆ ಆ ಭಾಗ ಹೊಲಿಗೆಗೆ ಬಾರದು.

ಇಳಕಲ್ಲ ಸೀರೆಯ ವಿಚಾರಕ್ಕೆ ಬೇರೆಯೇ ಎಚ್ಚರ ಬೇಕು. ಅದರ ಒಡಲು ಮತ್ತು ಸೆರಗು ಒಂದೇ ನೂಲಿನವಲ್ಲ. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸಿ ನೇಯುವುದೇ ಆ ಸೀರೆಯ ವಿಶೇಷ. ಒಡಲು ಹತ್ತಿಯದಾಗಿ, ಟೋಪ ತೆನಿ ಎಂಬ ಸಾಂಪ್ರದಾಯಿಕ ವಿನ್ಯಾಸದ ಸೆರಗು ರೇಷ್ಮೆಯದೋ ಚಮಕಾ ಎಂದು ಕರೆಯುವ ರೇಯಾನಿನದೋ (ಕೃತಕ ರೇಷ್ಮೆಯದೋ) ಆಗಿದ್ದರೆ ಎರಡರ ನಡತೆ ನೀರಿನಲ್ಲಿ ಪೂರ್ತಿ ಬೇರೆಯಾಗುತ್ತದೆ. ಹತ್ತಿ ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ, ರೇಯಾನ್ ಒದ್ದೆಯಾದಾಗ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳಬಲ್ಲದು, ರೇಷ್ಮೆಯೂ ಸ್ವಲ್ಪ ಸೋಲುತ್ತದೆ. ಒಣಗಿದ್ದಾಗ ನೋಡಿ ಗಟ್ಟಿ ಎಂದುಕೊಂಡ ಸೆರಗು ಒಗೆಯುವ ಕಲ್ಲಿನ ಮೇಲೆ ಹರಿಯುವುದು ಇದರಿಂದಲೇ. ಆದ್ದರಿಂದ ಇಳಕಲ್ಲಿನ ಸೆರಗಿನ ಒಂದು ಮೂಲೆಯನ್ನು ಒದ್ದೆ ಮಾಡಿಯೇ ಎಳೆದು ನೋಡಬೇಕು. ಅದೇ ಒದ್ದೆ ಮೂಲೆಯ ಮೇಲೆ ಬಿಳಿ ಬಟ್ಟೆಯನ್ನಿಟ್ಟು ಇಸ್ತ್ರಿ ಒತ್ತಿದರೆ ಕೆಂಪು ಬಿಡುತ್ತದೆಯೋ ಇಲ್ಲವೋ ಎಂಬುದೂ ಗೊತ್ತಾಗುತ್ತದೆ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆ ಮನೆಮನೆಯಲ್ಲೂ ಇದೆ. ಬಣ್ಣ ಬಿಡುವ ಹಳೆಯ ಸೀರೆಯನ್ನು ಉಪ್ಪು ಸರಿಪಡಿಸಿದ್ದನ್ನು ನಾನಂತೂ ಕಂಡಿಲ್ಲ. ಬಣ್ಣ ಬಿಡುವ ತುಂಡನ್ನು ಬಿಳಿ ಧೋತರದ ಪಕ್ಕದಲ್ಲಿ ಇಡದಿರುವುದೇ ದಾರಿ.

ಮೈಸೂರು ರೇಷ್ಮೆ ಬಂದಾಗ ಇನ್ನೊಂದು ತೊಡಕು. 1912ರಲ್ಲಿ ಮೈಸೂರಿನಲ್ಲಿ ಕಾರ್ಖಾನೆ ಶುರುವಾದಂದಿನಿಂದ ಹೆಸರಾದ ಆ ಕ್ರೇಪ್ ಬಟ್ಟೆಯ ನೂಲಿಗೆ ಹುರಿ ಹೆಚ್ಚು, ಹಾಗಾಗಿ ಅದು ಎಳೆದಾಗ ಹಿಗ್ಗಿ ಬಿಟ್ಟಾಗ ಕುಗ್ಗುತ್ತದೆ. ಅದನ್ನು ಹಿಗ್ಗದ ಹತ್ತಿಯ ಜೊತೆ ನೇರವಾಗಿ ಕೂಡಿಸಿದರೆ ಕೂಡಿಕೆಯ ಬಳಿ ಸುಕ್ಕುಗಟ್ಟುತ್ತದೆ. ಎಷ್ಟೋ ವರ್ಷ ಒಂದೇ ಮಡಿಕೆಯಲ್ಲಿ ಬೀರುವಿನಲ್ಲಿದ್ದ ರೇಷ್ಮೆ ಸೀರೆಯಾದರೆ ಆ ಮಡಿಕೆಯ ಗೆರೆಗಳ ಮೇಲೇ, ಅದರಲ್ಲೂ ಜರಿ ಇರುವಲ್ಲಿ, ಎಳೆಗಳು ಸೀಳಿರುತ್ತವೆ. ಇಂಥ ರೇಷ್ಮೆಯ ಪ್ರತಿ ತುಂಡಿನ ಹಿಂದೆ ಒಗೆದು ಕುಗ್ಗಿಸಿದ ಮಲ್ಮಲ್ ಬಟ್ಟೆಯನ್ನಿಟ್ಟು ಕಚ್ಚಾ ಹೊಲಿಗೆಯಿಂದ ಹಿಡಿದು, ಆಮೇಲೆ ಎರಡನ್ನೂ ಒಂದೇ ಬಟ್ಟೆಯೆಂಬಂತೆ ಹೊಲಿಯುತ್ತೇವೆ. ಎಳೆತವನ್ನು ಹೊರುವುದು ಮಲ್ಮಲ್, ಮುಖ ತೋರಿಸುವುದು ರೇಷ್ಮೆ. ಕೆಲಸ ಹೆಚ್ಚು, ಖರ್ಚೂ ಹೆಚ್ಚು, ಆದರೆ ಇದಿಲ್ಲದೆ ರೇಷ್ಮೆಯ ಕೌದಿ ಮಾಡಿಕೊಡುವುದಕ್ಕಿಂತ ಆರ್ಡರ್ ಬೇಡವೆನ್ನುವುದು ಮೇಲು.

ತುಂಡುಗಳನ್ನು ಜೋಡಿಸುವಾಗ ಬಣ್ಣ ಹೊಂದಿಸುವುದಕ್ಕಿಂತ ಮೊದಲು ಜಾಗ ಹೊಂದಿಸಬೇಕು. ಕೌದಿ ಮೊದಲು ಸವೆಯುವುದು ಮುಖದ ಕಡೆಯ ಅಂಚಿನಲ್ಲಿ, ಏಕೆಂದರೆ ಅಲ್ಲಿ ಬೆವರು, ಎಣ್ಣೆ, ಕೈಯ ಎಳೆತ ಮೂರೂ ಸೇರುತ್ತವೆ. ನಂತರ ಕಾಲಿನ ಕಡೆಯ ಮೂಲೆಗಳು. ನಡುಭಾಗಕ್ಕೆ ಬೀಳುವ ಪೆಟ್ಟು ಕಡಿಮೆ. ಆದ್ದರಿಂದ ಬಡವಾದರೂ ಪ್ರೀತಿಯದಾದ ಬಟ್ಟೆಗೆ ನಡುವೆ ಜಾಗ, ಗಟ್ಟಿ ಬಟ್ಟೆಗೆ ಸುತ್ತಲಿನ ಜಾಗ. ಅಂಚಿಗೆ ಪ್ರತ್ಯೇಕ ಗೋಟಿನ ಪಟ್ಟಿ ಹಾಕಿದರೆ ಅದು ಸವೆದಾಗ ಅದನ್ನಷ್ಟೇ ಬಿಚ್ಚಿ ಬದಲಿಸಬಹುದು. ಕೆಳಪದರಕ್ಕೆ ಮಾತ್ರ ತುಂಡುಗಳು ಬೇಡ. 5.5 ಮೀಟರಿನ ಒಂದು ಸೀರೆಯನ್ನು ಅಡ್ಡಕ್ಕೆ ಸರಿಯಾಗಿ ಎರಡು ಭಾಗ ಮಾಡಿ ಪಕ್ಕಪಕ್ಕದಲ್ಲಿ ಕೂಡಿಸಿದರೆ ಸುಮಾರು 2.75 ಮೀಟರ್ ಉದ್ದ, 2.25 ಮೀಟರ್ ಅಗಲದ ಹಾಸು ಸಿಗುತ್ತದೆ, ಇಬ್ಬರು ಹೊದೆಯುವ ಕೌದಿಗೆ ಇದು ಸಾಕು. ಈ ಒಂದು ಸೀರೆ ಇದ್ದುದರಲ್ಲೇ ಗಟ್ಟಿಯಾದದ್ದಾಗಿರಬೇಕು. ಹಳೆಯವುಗಳಲ್ಲಿ ಅಂಥದ್ದು ಸಿಗದಿದ್ದರೆ ಸಾದಾ ಹತ್ತಿಯ ಹೊಸ ಬಟ್ಟೆಯನ್ನು ತಂದು, ಒಗೆದು ಕುಗ್ಗಿಸಿ ಬಳಸುತ್ತೇವೆ. ಮನೆಯಲ್ಲೇ ಕೌದಿ ಹೊಲಿಯುವವರು ಕುಗ್ಗಿಸುವ ಕೆಲಸವನ್ನು ಬಿಡುವುದೇ ಹೆಚ್ಚು. ಹೊಸದು ಮೊದಲ ಒಗೆತಕ್ಕೆ ಕುಗ್ಗಿ, ಆಗಲೇ ಕುಗ್ಗಿ ಮುಗಿದಿರುವ ಹಳೆಯ ಬಟ್ಟೆಯನ್ನು ಮೇಲೆ ಉಬ್ಬಿಸಿಬಿಡುತ್ತದೆ.

ಒಗೆಯುವ ಬಗ್ಗೆ ಗ್ರಾಹಕರಿಗೆ ಚೀಟಿ ಬರೆದುಕೊಡುತ್ತೇವೆ. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಕೆರೆಗೋ ಹೊಳೆಗೋ ಒಯ್ದು ಒಗೆಯುತ್ತಿದ್ದ ಕಾಲದಲ್ಲಿ ಒದ್ದೆ ಕೌದಿಯನ್ನು ಕಂಟಿಯ ಮೇಲೋ ಬಂಡೆಯ ಮೇಲೋ ಹರವುತ್ತಿದ್ದರು, ಭಾರ ಎಲ್ಲೆಡೆಗೂ ಹಂಚಿಹೋಗುತ್ತಿತ್ತು. ಈಗ ಬಾಲ್ಕನಿಯ ಒಂದೇ ತಂತಿಯ ಮೇಲೆ ನೇತುಹಾಕಿದರೆ ನೀರು ಹೀರಿದ ಅಷ್ಟೂ ಪದರಗಳ ಭಾರ ಒಂದೇ ಗೆರೆಯ ಮೇಲೆ ಬೀಳುತ್ತದೆ. ಎರಡು ಮೂರು ತಂತಿಗಳ ಮೇಲೆ ಹರವಿ ಎಂದು ಬರೆಯುತ್ತೇವೆ. ಎಷ್ಟು ಜನ ಪಾಲಿಸುತ್ತಾರೋ ದೇವರೇ ಬಲ್ಲ.

ಇಷ್ಟನ್ನೂ ಮಾಡುವ ಹೊತ್ತಿಗೆ ಕೈಹೊಲಿಗೆಯ ಕೌದಿಯ ಬೆಲೆ ಏರುತ್ತದೆ, ಯಂತ್ರದ್ದೇ ಹೊಲಿದುಕೊಡಿ ಎನ್ನುವವರು ಇದ್ದೇ ಇರುತ್ತಾರೆ. ಅವರ ಜೊತೆ ವಾದಕ್ಕೆ ಇಳಿಯುವುದರಲ್ಲಿ ಅರ್ಥವಿಲ್ಲ. ನಮ್ಮಲ್ಲಿನ ಹಿರಿಯ ಹೊಲಿಗೆಯವರೊಬ್ಬರು ಬಂದವರನ್ನೆಲ್ಲ ‘ಇದನ್ನ ಎಷ್ಟ ವರ್ಷ ಹೊದ್ಕೋಬೇಕಂತೀರಿ?’ ಎಂದು ಕೇಳುವ ರೂಢಿ ಇಟ್ಟುಕೊಂಡಿದ್ದಾರೆ, ನಾನು ಆರ್ಡರ್ ಚೀಟಿಯಲ್ಲಿ ಮೊದಲು ಬರೆದುಕೊಳ್ಳುವುದೂ ಅದರ ಉತ್ತರವನ್ನೇ. ಮಕ್ಕಳು ದಿನಾ ಎಳೆದಾಡಿ, ವಾರಕ್ಕೊಮ್ಮೆ ವಾಷಿಂಗ್ ಮಷೀನಿಗೆ ಹಾಕುವ ಹೊದಿಕೆ ಬೇಕೆಂದರೆ ಹೊಸ ಹತ್ತಿ ಬಟ್ಟೆಯಲ್ಲಿ, ಪಾಲಿಯೆಸ್ಟರ್ ದಾರದಲ್ಲಿ, ಯಂತ್ರದ ಒತ್ತು ಹೊಲಿಗೆಯಲ್ಲಿ ಮಾಡಿಕೊಡುತ್ತೇವೆ. ಅದಕ್ಕೆ ಅದೇ ಸರಿ. ತಾಯಿಯ ಸೀರೆಯನ್ನೂ ಅದೇ ರೀತಿ ಹೊಲಿದು ಕೊಡಿ ಎಂದು ಪಟ್ಟು ಹಿಡಿದವರಿಗೆ, ಮೇಲಿನ ಪದರದ ನಡುವೆ ಆ ಸೀರೆಯ ಒಂದು ಚೌಕವನ್ನು ಮಲ್ಮಲ್ ಸಮೇತ ಕೈಯಲ್ಲಿ ಹೊಲಿದಿಟ್ಟು, ಉಳಿದುದನ್ನು ಯಂತ್ರಕ್ಕೆ ಬಿಡುವುದಾಗಿ ಹೇಳುತ್ತೇವೆ. ಮಿಕ್ಕ ಸೀರೆಯನ್ನು ಕತ್ತರಿಸದೆ ಮಡಿಚಿ ವಾಪಸು ಕೊಟ್ಟಾಗ ಹೆಚ್ಚಿನವರು ಬೇಸರಪಡುವುದಿಲ್ಲ.