ಡ್ರಿಪ್ ಪೈಪಿನ ಕಿವಿ

2025 ಜನವರಿ 15, ಬುಧವಾರ
ಸಿದ್ದಾಪುರದ ಹತ್ರ, ಕೊಡಗು

ನಿನ್ನೆ ಸಂಕ್ರಾಂತಿ ಅಂತ ಕೆಲಸದವರು ಯಾರೂ ಬಂದಿರ್ಲಿಲ್ಲ, ಇವತ್ತು ಅರ್ಧ ಜನ ಬಂದ್ರು. ರೋಬಸ್ಟಾ ಕಾಫಿ ಹಣ್ಣಾಗಿ ಕೂತಿದೆ, ಕಣದಲ್ಲಿ ಹರಡಿದ್ದು ಇನ್ನೂ ಒಣಗಿಲ್ಲ, ಇಷ್ಟರ ಮಧ್ಯೆ ನಾನು ಸಾಯಂಕಾಲ ಆರೂವರೆಗೆ ತೋಟದ ಕೆಳಗಡೆ ಗದ್ದೆ ಬದಿಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬದೊಳಗೆ ಹಳೇ ಫೋನ್ ಇಟ್ಕೊಂಡು ಕೂತಿದ್ದೆ. ಅಪ್ಪ ಏನೂ ಕೇಳ್ಲಿಲ್ಲ. ಕೇಳೋದು ಬಿಟ್ಟು ಮೂರು ವರ್ಷ ಆಯ್ತು.

ಇವತ್ತಿಗೆ ಸರಿಯಾಗಿ ಮೂರು. 2022ರ ಜನವರಿ 15ಕ್ಕೆ ಟೋಂಗಾದಲ್ಲಿ ಸಮುದ್ರದಡಿಯ ಜ್ವಾಲಾಮುಖಿ ಸಿಡೀತಲ್ಲ, ಅವತ್ತು ಶುರುವಾಗಿದ್ದು ಕಿವಿಗೆ ಕೇಳಿಸದ ಶಬ್ದ ಹಿಡಿಯೋ ಈ ಹುಚ್ಚು. ಅಪ್ಪ ಮಳೆ ಲೆಕ್ಕನ ಇಂಚು ಸೆಂಟಲ್ಲಿ ಡೈರಿಗೆ ಬರೆಯೋರು, ಅವರಿಗೆ ಅಂತ ನಾನೊಂದು ಡಿಜಿಟಲ್ ವೆದರ್ ಸ್ಟೇಷನ್ ತಂದು ಜಗಲಿಗೆ ಹಾಕಿದ್ದೆ, ಅವರು ಅದನ್ನ ಇವತ್ತಿಗೂ ನಂಬಲ್ಲ ಬಿಡಿ. ಜ್ವಾಲಾಮುಖಿ ಸಿಡಿದದ್ದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಹತ್ತಕ್ಕೆ ಸ್ವಲ್ಪ ಮುಂಚೆ. ರಾತ್ರಿ ಒಂಬತ್ತಾಗೋ ಮೊದಲು ನಮ್ಮ ಜಗಲಿ ಮೇಲಿನ ಗ್ರಾಫಲ್ಲಿ ಗಾಳಿಯ ಒತ್ತಡ ಸಣ್ಣದಾಗಿ ಒಂದು ಏಟು ಮೇಲೆ ಹೋಗಿ ಕೆಳಗೆ ಬಂದಿತ್ತು. ಹನ್ನೆರಡು ಸಾವಿರ ಚಿಲ್ಲರೆ ಕಿಲೋಮೀಟರ್, ಹನ್ನೊಂದು ಗಂಟೆ. ನಾವೆಲ್ಲ ಊಟ ಮಾಡ್ತಿದ್ವಿ, ಒಬ್ಬರಿಗೂ ಏನೂ ಗೊತ್ತಾಗ್ಲಿಲ್ಲ. ಮಾರನೇ ದಿನ ಅದನ್ನ ನೋಡಿ ನನಗೆ ಮೈ ಜುಂ ಅಂತು.

ಆದ್ರೆ ಇವತ್ತು ಡಬ್ಬ ಹಿಡ್ಕೊಂಡು ಕೂತಿದ್ದು ಜ್ವಾಲಾಮುಖಿಗಲ್ಲ, ಆನೆಗೆ.

ನಮ್ಮ ವಾಚರ್ ಅಣ್ಣ ಜೇನುಕುರುಬರ ಹಾಡಿಯವರು, ಅವರ ಚಿಕ್ಕಪ್ಪ ದುಬಾರೆ ಆನೆ ಕ್ಯಾಂಪಲ್ಲಿ ಕಾವಾಡಿ, ಅಂದ್ರೆ ಮಾವುತನ ಸಹಾಯಕ ಆಗಿದ್ದೋರು. ಮೊನ್ನೆ ಏನೋ ಮಾತಿಗೆ ಅಂದ್ರು, "ಹೊತ್ತು ಮುಳುಗಿದ್ಮೇಲೆ ಅವು ಮಾತಾಡ್ಕೊಳ್ತವೆ ಅಕ್ಕ, ಹತ್ರ ಇದ್ರೆ ಕಿವಿಗೆ ಬರಲ್ಲ, ಇಲ್ಲಿ ಬರ್ತದೆ" ಅಂತ ಎದೆ ತಟ್ಟಿ ತೋರಿಸಿದ್ರು. 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಕೇಟಿ ಪೇನ್ ಅನ್ನೋ ವಿಜ್ಞಾನಿಗೆ ಆನೆ ಕೊಟ್ಟಿಗೆ ಪಕ್ಕ ನಿಂತಾಗ ಆಗಿದ್ದೂ ಇದೇ, ಗಾಳಿ ಒಳಗೊಳಗೇ ಮಿಡಿದ ಹಾಗೆ, ಚಿಕ್ಕವರಿದ್ದಾಗ ಚರ್ಚಲ್ಲಿ ದೊಡ್ಡ ಆರ್ಗನ್ ಪಕ್ಕ ನಿಂತಾಗ ಆಗ್ತಿತ್ತಲ್ಲ ಹಾಗೆ. ಆಮೇಲೆ ರೆಕಾರ್ಡ್ ಮಾಡಿ ವೇಗ ಜಾಸ್ತಿ ಮಾಡಿ ಕೇಳಿದ್ರೆ ಆನೆಗಳ ಮಾತು! ಅಲ್ಲಿದ್ದಿದ್ದು ಏಷ್ಯಾದ ಆನೆಗಳು, ನಮ್ಮ ಕಡೆಯವೇ. ಸೆಕೆಂಡಿಗೆ 14ರಿಂದ 24 ಸಲ ಕಂಪಿಸೋ ಶಬ್ದ. ನಮ್ಮ ಕಿವಿಗೆ 20ರ ಕೆಳಗಿನದು ಲೆಕ್ಕಕ್ಕೇ ಇಲ್ಲ, ಅದನ್ನೇ ಇನ್ಫ್ರಾಸೌಂಡ್ ಅನ್ನೋದು.

ಹೊತ್ತು ಮುಳುಗಿದ್ಮೇಲೇನೇ ಯಾಕೆ ಅಂತ ನಾನು ಎರಡು ದಿನ ತಲೆ ಕೆಡಿಸ್ಕೊಂಡೆ. ಬಿಸಿ ಗಾಳಿಯಲ್ಲಿ ಶಬ್ದ ಜೋರಾಗಿ ಓಡುತ್ತೆ, ತಣ್ಣಗಿನದರಲ್ಲಿ ನಿಧಾನ, ಒಂದು ಡಿಗ್ರಿಗೆ ಸೆಕೆಂಡಿಗೆ 0.6 ಮೀಟರ್ ವ್ಯತ್ಯಾಸ ಅಷ್ಟೇ. ಆದ್ರೆ ಶಬ್ದ ಯಾವಾಗ್ಲೂ ನಿಧಾನದ ಕಡೆಗೆ ಬಾಗುತ್ತೆ. ಮಧ್ಯಾಹ್ನ ನೆಲ ಕಾದಿರುತ್ತೆ, ಮೇಲೆ ತಂಪು, ಹಾಗಾಗಿ ಕೂಗಿದ್ದೆಲ್ಲ ಬಾಗಿ ಆಕಾಶಕ್ಕೆ ಹೋಗಿ ಹಾಳಾಗುತ್ತೆ. ಈ ಜನವರಿ ತಿಂಗಳ ಸಂಜೆ ನೋಡಿ, ಸೂರ್ಯ ಮುಳುಗಿದ ಅರ್ಧ ಗಂಟೆಗೆ ಗದ್ದೆ ಮೇಲೆ ಮಂಜು ಕೂತು ಕಾಲು ಕೊರೆಯುತ್ತೆ, ನಮ್ಮನೆ ಮೇಲಿನ ಗುಡ್ಡದಲ್ಲಿ ಇನ್ನೂ ಬೆಚ್ಚಗಿರುತ್ತೆ. ಅಂದ್ರೆ ಶಬ್ದ ಮೇಲೆ ಹೋಗಿದ್ದು ಬಾಗಿ ವಾಪಸ್ ನೆಲಕ್ಕೇ. ಆಫ್ರಿಕಾದ ಬಯಲಲ್ಲಿ ಇಂಥ ಸಂಜೆ ಆನೆ ದನಿ 10 ಕಿಲೋಮೀಟರ್‌ವರೆಗೂ ಹೋಗಬಹುದು ಅಂತ ಲೆಕ್ಕ ಹಾಕಿದ್ದಾರೆ. ನಮ್ಮ ಏರು ತಗ್ಗಿಗೆ ಅದೇ ಲೆಕ್ಕ ಹಿಡಿಯೋಕಾಗಲ್ಲ, ಆದ್ರೂ ಆನೆಗಳ ಟವರ್ ಫುಲ್ ಸಿಗ್ನಲ್ ಕೊಡೋದು ನಮ್ಮ ಫೋನಿಗೆ ಒಂದು ಕಡ್ಡಿನೂ ಇಲ್ಲದ ಜಾಗದಲ್ಲಿ, ಇದು ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ಇದೇ ಗದ್ದೆ ಮಂಜಿನ ಆಟ ಮೇಲೆ ದೊಡ್ಡದಾಗಿ ನಡೆಯುತ್ತೆ. ನೆಲದಿಂದ ಮೇಲೆ ಹೋಗ್ತಾ ಹೋಗ್ತಾ ಚಳಿ ಜಾಸ್ತಿ ಆಗಿ, ಆಮೇಲೆ ಓಝೋನ್ ಬಿಸಿಲು ಹೀರೋದ್ರಿಂದ ಮತ್ತೆ ಬೆಚ್ಚಗಾಗಿ ಸುಮಾರು 50 ಕಿಲೋಮೀಟರ್ ಎತ್ತರದಲ್ಲಿ ಒಂದು ಬೆಚ್ಚನೆ ಚಾವಣಿ ಇದೆ. ಅಲ್ಲಿನ ಗಾಳಿನೂ ಶಬ್ದ ಹೋಗೋ ದಿಕ್ಕಿಗೇ ಬೀಸ್ತಿದ್ರೆ ಶಬ್ದ ಅಲ್ಲಿಂದ ಬಾಗಿ ಕೆಳಗೆ ಬೀಳುತ್ತೆ, ನೆಲಕ್ಕೆ ತಾಗಿ ಮತ್ತೆ ಮೇಲೆ, ಮತ್ತೆ ಕೆಳಗೆ. ಹಾಗಾಗಿ ಮಧ್ಯದಲ್ಲಿ ಒಂದಷ್ಟು ಊರುಗಳಿಗೆ ಏನೂ ಕೇಳ್ಸಲ್ಲ, ಅದಕ್ಕಿಂತ ದೂರದವರಿಗೆ ಕೇಳುತ್ತೆ. 1901ರಲ್ಲಿ ವಿಕ್ಟೋರಿಯಾ ರಾಣಿ ಶವಯಾತ್ರೆಗೆ ಹಡಗುಗಳಿಂದ ತೋಪು ಹಾರಿಸಿದಾಗ ಇಂಗ್ಲೆಂಡಲ್ಲಿ ಹೀಗೇ ಆಗಿತ್ತು. ಸಣ್ಣ ದನಿಯನ್ನ, ಅಂದ್ರೆ ಬೇಗ ಬೇಗ ಕಂಪಿಸೋದನ್ನ, ದಾರಿಯಲ್ಲಿ ಗಾಳಿನೇ ತಿಂದು ಹಾಕುತ್ತೆ, ನಿಧಾನಕ್ಕೆ ಕಂಪಿಸೋ ದಪ್ಪ ದನಿಯನ್ನ ಮುಟ್ಟೋದೇ ಇಲ್ಲ ಅನ್ನಬಹುದು, ಅದಕ್ಕೇ 2013ರಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಉಲ್ಕೆ ಸಿಡಿದದ್ದು 15,000 ಕಿಲೋಮೀಟರ್ ಆಚೆ ಅಂಟಾರ್ಕ್ಟಿಕಾದ ಸ್ಟೇಷನ್‌ಗೂ ಗೊತ್ತಾಯ್ತು.

ಆ ಸ್ಟೇಷನ್‌ಗಳನ್ನ ಇಟ್ಟಿರೋದು ಉಲ್ಕೆಗಲ್ಲ, ಕದ್ದು ಅಣುಬಾಂಬ್ ಸಿಡಿಸೋರನ್ನ ಹಿಡಿಯೋಕೆ. 1996ರ ಅಣುಪರೀಕ್ಷೆ ನಿಷೇಧ ಒಪ್ಪಂದದಲ್ಲಿ ಪ್ರಪಂಚದಾದ್ಯಂತ 60 ಇನ್ಫ್ರಾಸೌಂಡ್ ಸ್ಟೇಷನ್ ಅಂತ ಲೆಕ್ಕ. ನಮ್ಮ ದೇಶ ಸಹಿ ಹಾಕಿಲ್ಲ, ಅದು ಬೇರೆ ಕಥೆ. ಒಂದೊಂದು ಸ್ಟೇಷನ್‌ನಲ್ಲೂ ನಾಲ್ಕಕ್ಕೆ ಕಮ್ಮಿ ಇಲ್ಲದ ಹಾಗೆ ಸೆನ್ಸರ್, ಒಂದೆರಡು ಮೂರು ಕಿಲೋಮೀಟರ್ ಅಗಲಕ್ಕೆ ಹರಡಿರ್ತಾರೆ, ಯಾವುದಕ್ಕೆ ಮೊದಲು ತಾಗ್ತು ಯಾವುದಕ್ಕೆ ಆಮೇಲೆ ಅಂತ ನೋಡಿ ದಿಕ್ಕು ಹೇಳೋದು.

ಇನ್ನು ನನ್ನ ಡಬ್ಬದ ವಿಷಯ. ನಮ್ಮನೆ ಎತ್ತರದಲ್ಲಿ ಫೋನಿನೊಳಗಿನ ಬ್ಯಾರೋಮೀಟರ್, ಅಂದ್ರೆ ಗಾಳಿಯ ಒತ್ತಡ ಅಳೆಯೋ ಸೆನ್ಸರ್, 910 ಹೆಕ್ಟೋಪಾಸ್ಕಲ್ ಹತ್ರ ತೋರಿಸುತ್ತೆ (ಒಂದು ಹೆಕ್ಟೋಪಾಸ್ಕಲ್ ಅಂದ್ರೆ ನೂರು ಪಾಸ್ಕಲ್). ಅಮ್ಮ ಅಡುಗೆಮನೆ ಬಾಗಿಲು ದಡಾರ್ ಅಂತ ಹಾಕಿದ್ರೆ ಗ್ರಾಫಲ್ಲಿ ಚೆಂದಾಗಿ ಕಾಣುತ್ತೆ, ಅಮ್ಮಂಗೆ ಕೋಪ ಬಂದಿರೋದು ಗೊತ್ತಾಗೋಕೆ ಯಂತ್ರ ಬೇಕಾಗಿಲ್ಲ ಅನ್ನಿ. ಆದ್ರೆ ಆನೆ? ಐದು ಮೀಟರ್ ಹತ್ರ ನಿಂತ್ರೂ (ಯಾರು ನಿಲ್ತಾರೆ!) ಎರಡು ಮೂರು ಪಾಸ್ಕಲ್, ಒಂದು ಕಿಲೋಮೀಟರ್‌ಗೆ ಅದು ಪಾಸ್ಕಲ್ಲಿನ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ನನ್ನ ಆಪ್ ಓದೋದು ಸೆಕೆಂಡಿಗೆ ಐದೇ ಸಲ, ಇಪ್ಪತ್ತು ಸಲ ಕಂಪಿಸೋದನ್ನ ಹಿಡಿಯೋಕೆ ನಲವತ್ತಾದ್ರೂ ಬೇಕು. ಅಂದ್ರೆ ಇದರಲ್ಲಿ ಆನೆ ಸಿಗೋ ಮಾತೇ ಇಲ್ಲ, ಇದು ಮೊದಲೇ ಗೊತ್ತಿತ್ತು, ಆದ್ರೂ ಕೂತೆ. ಸಿಕ್ಕಿದ್ದು ಬರೀ ಗಾಳಿ. ಸಿಲ್ವರ್ ಓಕ್ ಎಲೆ ಸ್ವಲ್ಪ ಅಲ್ಲಾಡಿದ್ರೂ ಗೆರೆ ಹುಚ್ಚುಹುಚ್ಚಾಗಿ ಕುಣಿಯುತ್ತೆ.

ದೊಡ್ಡ ಸ್ಟೇಷನ್‌ನವರಿಗೂ ಇದೇ ತಲೆನೋವಂತೆ! ಅದಕ್ಕೇ ಆದಷ್ಟೂ ಕಾಡೊಳಗೆ ಇಡ್ತಾರೆ, ಸೆನ್ಸರ್‌ಗೆ ಸುತ್ತಲೂ ಪೈಪ್ ಹರಡಿ ಅಲ್ಲಲ್ಲಿ ತೂತು ಬಿಟ್ಟಿರ್ತಾರೆ. ಗಾಳಿಯ ಸುಳಿ ಸಣ್ಣದು, ಒಂದು ತೂತಲ್ಲಿ ಒತ್ತಿದ್ರೆ ಇನ್ನೊಂದರಲ್ಲಿ ಎಳೆಯುತ್ತೆ, ಎಲ್ಲ ಸೇರಿ ಒಂದಕ್ಕೊಂದು ವಜಾ. ಸೆಕೆಂಡಿಗೆ ಒಂದು ಸಲ ಕಂಪಿಸೋ ಅಲೆ 340 ಮೀಟರ್ ಉದ್ದ, ಅದು ಎಲ್ಲ ತೂತಿಗೂ ಒಟ್ಟಿಗೇ ಬರುತ್ತೆ, ಉಳ್ಕೊಳ್ಳುತ್ತೆ. ತೋಟಕ್ಕೆ ನೀರು ಹಾಯಿಸೋ ತೂತಿನ ಹೋಸ್ ಹಾಕಿಯೇ ಕೆಲಸ ನಡೆಸೋರೂ ಇದ್ದಾರೆ. ಇದನ್ನ ಓದಿದ ಕೂಡ್ಲೇ ನನಗೆ ಶೆಡ್ಡಲ್ಲಿ ಸುತ್ತಿಟ್ಟಿರೋ ಡ್ರಿಪ್ ಪೈಪ್ ನೆನಪಾಯ್ತು.

ಏಳೂಕಾಲಿಗೆ ವಾಚರ್ ಅಣ್ಣ ಟಾರ್ಚ್ ಹಿಡ್ಕೊಂಡು ಬಂದ್ರು. "ಮನೆಗೆ ನಡೀರಿ ಅಕ್ಕ, ಕಂದಕದ ಆಚೆ ಇದ್ದಾವೆ."

"ಕೇಳಿಸ್ತಾ ಅಣ್ಣ?"

"ವಾಸನೆ ಬಂತು."

ಮನೆಗೆ ಬಂದು ಆನ್‌ಲೈನಲ್ಲಿ ಸೆಕೆಂಡಿಗೆ ನೂರು ಸಲ ಓದೋ ಸೆನ್ಸರ್ ಹುಡುಕ್ತಾ ಕೂತಿದ್ದೀನಿ. ಅಪ್ಪಂಗೆ ಪೈಪ್ ಕೇಳ್ದೆ. ಮಳೆ ಡೈರಿಯಿಂದ ತಲೆ ಎತ್ತದೇ ಹೇಳಿದ್ರು, "ಎಷ್ಟು ಬೇಕೋ ತಗೋ, ಮೆಣಸಿಗೆ ನೀರು ಬಿಡೋ ಹೊತ್ತಿಗೆ ವಾಪಸ್ ಇಡು. ತೂತು ಮಾತ್ರ ದೊಡ್ಡದು ಮಾಡಬೇಡ."